ಕದ್ದೀಶಿಗೆ ಬೇಕಾದ ಹತ್ತನೆಯವನು

"ಹೋಗಿ ಬಂದು ಮಲಗಿದ್ದೀರೋ, ಇಲ್ಲಾ ಮಲಗಿದವರು ಇನ್ನೂ ಎದ್ದೇ ಇಲ್ವೋ?" ಎಂದಳು ಪೆಶಾ, ಈರುಳ್ಳಿ ಚೀಲವನ್ನು ಮೇಜಿನ ಮೇಲೆ ಕುಕ್ಕಿ.

ಫೈವೆಲ್ ರಜಾಯಿಯೊಳಗಿಂದ ಒಂದು ಕಣ್ಣು ಮಾತ್ರ ಹೊರಗೆ ಹಾಕಿದ. ಕಿಟಕಿಯಲ್ಲಿ ಬಿಸಿಲು. ವೈಟ್‌ಚಾಪೆಲಿನ ಆ ಯಹೂದಿ ಓಣಿಗೆ ಬಿಸಿಲು ಬಂತೆಂದರೆ ಪ್ರಾರ್ಥನಾಮಂದಿರದಲ್ಲಿ ಬೆಳಗಿನ ಪ್ರಾರ್ಥನೆ ಮುಗಿದು, ಬಂದವರೆಲ್ಲ ಚಹಾ ಕುಡಿದು, ಜಗಳವಾಡಿ, ಮನೆ ಸೇರಿದರು ಎಂದೇ ಅರ್ಥ.

"ನಿನ್ನೆ ಸಂಜೆ ದೀಪ ಹಚ್ಚಿದವಳು ನಾನು. ಎಣ್ಣೆ ತಂದವಳು ನಾನು. ತಿಥಿ ನಿಮ್ಮಪ್ಪನದು. ಕದ್ದೀಶ್ ಒಂದು ನಿಮ್ಮ ಪಾಲಿಗೆ ಬಿಟ್ಟಿದ್ದೆ, ಅದನ್ನೂ ನಾನೇ ಹೇಳ್ಲಾ?"

"ಬೆಳಿಗ್ಗೆ ಎಬ್ಬಿಸಬಾರದಿತ್ತಾ?"

"ಎಬ್ಬಿಸಿದೆ. 'ಪ್ಯಾಂಟು ಮಡಚಿ ಆಯ್ತು ಸ್ವಾಮಿ' ಅಂದ್ರಿ. ನನ್ನನ್ನ ಯಾರು ಅಂದ್ಕೊಂಡ್ರೋ."

ಫೈವೆಲ್ ದರ್ಜಿ ಕಾರ್ಖಾನೆಯೊಂದರಲ್ಲಿ ಇಸ್ತ್ರಿ ಹಾಕುವವನು. ದೊಡ್ಡ ಆರ್ಡರು ಬಂದು ಹಿಂದಿನ ಸಂಜೆಯ ಪ್ರಾರ್ಥನೆಯೂ ಅವನಿಗೆ ತಪ್ಪಿತ್ತು. ಈಗ ಬೆಳಗಿನದೂ ತಪ್ಪಿತು. ಇನ್ನು ಉಳಿದಿದ್ದು ಮಧ್ಯಾಹ್ನದ್ದು ಒಂದೇ. ಅದೂ ಹೊತ್ತು ಮುಳುಗುವುದರೊಳಗೆ ಆಗಬೇಕು, ಯಾಕೆಂದರೆ ಯಹೂದಿಗಳ ದಿನ ಸಂಜೆಗೆ ಹುಟ್ಟಿ ಸಂಜೆಗೇ ಸಾಯುವಂಥದು. ಅವನ ಅಪ್ಪ ಬದುಕಿದ್ದಷ್ಟು ಕಾಲ ಮಗನನ್ನು ಒಂದು ಲೋಟ ನೀರು ಕೂಡ ಕೇಳಿದವರಲ್ಲ. ಸಾಯುವಾಗ ಕೇಳಿದ್ದು ಇದೊಂದನ್ನೇ: "ವರ್ಷಕ್ಕೊಂದು ದಿನ ನನಗಾಗಿ ಕದ್ದೀಶ್ ಹೇಳು ಮಗಾ, ಮರೀಬೇಡ." ಸತ್ತವರಿಗಾಗಿ ಹೇಳುವ ಆ ಪ್ರಾರ್ಥನೆ ನಾಲ್ಕೇ ಸಾಲು. ಆದರೆ ಹತ್ತು ಮಂದಿ ಗಂಡಸರು ಸೇರದೆ ಅದನ್ನು ಹೇಳುವ ಹಾಗಿಲ್ಲ. ಒಂಬತ್ತು ಮಂದಿ ಮಹಾಪಂಡಿತರೇ ಕೂತಿದ್ದರೂ ಪ್ರಯೋಜನವಿಲ್ಲ. ಹತ್ತನೆಯವನಾಗಿ ಒಬ್ಬ ಕುಡುಕ ಬಾಗಿಲು ನೂಕಿಕೊಂಡು ಬಂದರೆ ಸಾಕು.

ಕಾರ್ಖಾನೆಯ ಯಜಮಾನ ಝೆಲಿಗ್ ಸುಲಭಕ್ಕೆ ಬಿಡುವವನಲ್ಲ. "ನಿಮ್ಮಪ್ಪ ಒಂದು ಸಲ ಸತ್ತರು, ಮುಗೀತು. ನಾನು ಈ ಪ್ಯಾಂಟುಗಳ ಹಿಂದೆ ದಿನಾ ಸಾಯ್ತಾ ಇದ್ದೀನಿ, ನನಗ್ಯಾರು ಕದ್ದೀಶ್ ಹೇಳ್ತಾರೆ?" ಎನ್ನುತ್ತ ಅವನನ್ನು ಬಿಟ್ಟಾಗ ಸೂರ್ಯ ಎದುರುಮನೆಯ ಹೊಗೆಗೂಡಿನ ಮೇಲೆ ಗಲ್ಲವೂರಿ ಕೂತಿದ್ದ.

ಕುದುರೆ ಲಾಯದ ಮೇಲಿನ ಮಾಳಿಗೆಯೇ ಅವರ ಪ್ರಾರ್ಥನಾಮಂದಿರ. ಫೈವೆಲ್ ಮೆಟ್ಟಿಲು ಹತ್ತಿ ನೋಡಿದರೆ ಒಳಗೆ ಒಂದು ಒಲೆ, ಒಲೆಯ ಪಕ್ಕ ಒಂದು ಬೆಕ್ಕು. ಅಷ್ಟೆ. ಕೆಳಗೆ ಉಪ್ಪುಮೀನಿನ ಪೀಪಾಯಿಯ ಹಿಂದೆ ಖೈಕೆ ಕೂತಿದ್ದಳು. ಓಣಿಯಲ್ಲಿ ಯಾರ ಮನೆಯಲ್ಲಿ ಯಾವ ಪಾತ್ರೆ ಸೀದಿದೆ ಎಂಬುದೂ ಗೊತ್ತಿರುವ ಹೆಂಗಸು.

"ಖೈಕಮ್ಮಾ, ಗಂಡಸರೆಲ್ಲ ಎಲ್ಲಿ ಹೋದ್ರು?"

"ಕೆಮ್ಮೋಕೆ."

"ಕೆಮ್ಮೋಕೆ ಯಾವ ಊರಿಗೆ ಹೋಗ್ಬೇಕು?"

ಖೈಕೆ ಆಕಾಶ ನೋಡಿದಳು. "ನಾನು ಇನ್ನೊಬ್ಬರ ವಿಷಯ ಮಾತಾಡೋಳಲ್ಲ ಕಣಪ್ಪ. ಇವತ್ತು ಮಂಗಳವಾರ ಅಂತ ಮಾತ್ರ ಹೇಳ್ತೀನಿ. ಮೂಲೆಮನೆ ಬಾಗಿಲ ಬಣ್ಣ ಹಸಿರು ಅಂತಾನೂ ಹೇಳ್ತೀನಿ. ಇದಕ್ಕಿಂತ ಜಾಸ್ತಿ ನನ್ನ ಬಾಯಲ್ಲಿ ಬರಲ್ಲ."

ಹಸಿರು ಬಾಗಿಲು ಎಂದರೆ ಮಿಷನ್ನು. ಯಹೂದಿಗಳನ್ನು ಕ್ರೈಸ್ತರನ್ನಾಗಿ ಮಾಡಲೆಂದೇ ತೆರೆದ ಮನೆ. ಅಲ್ಲಿ ಧರ್ಮಕ್ಕೆ ಔಷಧಿ ಕೊಡುತ್ತಿದ್ದರು. ಕೊಡುವ ಮುಂಚೆ ಉಪದೇಶ ಕೇಳಬೇಕು. ಡಾಕ್ಟರು ಕೈಗುಣದವರು, ಉಪದೇಶ ಉದ್ದ. ಮಂದಿರದ ಅಧ್ಯಕ್ಷ ರೆಬ್ ಗೆಟ್ಸೆಲ್ ಕೋಳಿ ವ್ಯಾಪಾರಿ. ಹಸಿರು ಬಾಗಿಲು ತುಳಿದವನಿಗೆ ಮಂದಿರದಲ್ಲಿ ಜಾಗವಿಲ್ಲ ಎಂದು ಆತ ಮೇಜು ಗುದ್ದಿ ಸಾರಿದ್ದ. ಗುದ್ದಿದ ರಭಸಕ್ಕೆ ಶಾಯಿ ಚೆಲ್ಲಿತ್ತು. ಆಗ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ಫೈವೆಲನೇ.

ಹಸಿರು ಬಾಗಿಲ ಎದುರಿನ ದೀಪದ ಕಂಬಕ್ಕೆ ಒರಗಿ ಹಿರ್ಶ್ ನಿಂತಿದ್ದ. ಒಳಗೆ ಹೋಗುವವರಿಗೆ ಬೈಯುವುದು ಅವನು ತಾನಾಗಿ ಹೊತ್ತುಕೊಂಡ ಕೆಲಸ.

"ನೀನೂನಾ ಫೈವೆಲ್? ನಿನ್ನ ಮೇಲೆ ನನಗೆ ಏನೇನೋ ನಂಬಿಕೆ ಇತ್ತಲ್ಲೋ."

"ನಾನು ಹತ್ತು ಜನರನ್ನ ಹುಡುಕ್ತಾ ಇದ್ದೀನಿ ಮಾರಾಯ, ಕದ್ದೀಶಿಗೆ."

"ಒಳಗೆ ಹೋಗೋರೆಲ್ಲ ಏನೋ ಒಂದನ್ನ ಹುಡುಕಿಕೊಂಡೇ ಹೋಗೋದು. ಬೆಳಿಗ್ಗೆ ಒಬ್ಬ ಮೇಕೆ ಹುಡುಕ್ತಾ ಹೋದ."

ವಾದಿಸುತ್ತ ನಿಂತರೆ ಹೊತ್ತು ಮುಳುಗುತ್ತದೆ. ಫೈವೆಲ್ ಕಣ್ಣು ಮುಚ್ಚಿ, ತಣ್ಣೀರಿಗೆ ಧುಮುಕುವವನಂತೆ ಬಾಗಿಲು ತಳ್ಳಿದ.

"ಬನ್ನಿ ಬನ್ನಿ ಅಣ್ಣಾ, ಬಹಳ ಸಂತೋಷ," ಎಂದು ಕೈ ಹಿಡಿದವರು ಉಪದೇಶಿ ಬೆನೆಟ್. ಇವರು ಹುಟ್ಟಿದಾಗ ಪಿಂಕಸ್. ಲಿಥುವೇನಿಯಾದ ಯಾವುದೋ ಪಾಠಶಾಲೆಯಲ್ಲಿ ಧರ್ಮಶಾಸ್ತ್ರ ಅರೆದು ಕುಡಿದು, ಆಮೇಲೆ ದೀಕ್ಷಾಸ್ನಾನ ಪಡೆದು ಬೆನೆಟ್ ಆದವರು. ಸಣ್ಣ ಗಡ್ಡ, ದೊಡ್ಡ ಕೊಡೆ, ಯಾರು ಬೈದರೂ "ಇರಲಿ ಬಿಡಿ" ಎನ್ನುವ ಸ್ವಭಾವ. "ಕೆಮ್ಮಾ, ಕೀಲುನೋವಾ?"

"ಎರಡೂ ಇಲ್ಲ. ಅಪ್ಪನ ತಿಥಿ."

ಉಪದೇಶಿಗೆ ಅದಕ್ಕೆ ಔಷಧಿ ಸರದಿಯ ಯಾವ ಬಿಲ್ಲೆ ಕೊಡಬೇಕೋ ತೋಚಲಿಲ್ಲ.

ಫೈವೆಲ್ ಬೆಂಚುಗಳತ್ತ ತಿರುಗಿದ. ಮಂದಿರದ ಗಂಡಸರೆಲ್ಲ ಅಲ್ಲಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹಿತ್ತಾಳೆ ಬಿಲ್ಲೆ, ಕಿವಿಯಲ್ಲಿ ಉಪದೇಶ ನುಗ್ಗದಂತೆ ಹತ್ತಿ. ಮುಂದಿನ ಸಾಲಿನಲ್ಲೇ ರೆಬ್ ಗೆಟ್ಸೆಲ್. ಆತನ ಎದೆ ಹಳೇ ತಿದಿಯಂತೆ ಸುಯ್ಯೆನ್ನುತ್ತಿತ್ತು. ಫೈವೆಲನನ್ನು ಕಂಡವನೇ ಒಂದು ಕಿವಿಯ ಹತ್ತಿ ತೆಗೆದ.

"ಏನೋ ಫೈವೆಲ್, ನಿನಗೆ ನಾಚಿಕೆ ಆಗಲ್ವಾ ಇಲ್ಲಿಗೆ ಬರೋಕೆ?"

"ನೀವು, ರೆಬ್ ಗೆಟ್ಸೆಲ್?"

"ನಾನು ಯಾರ್ಯಾರು ಬರ್ತಾರೆ ಅಂತ ನೋಡೋಕೆ ಬಂದೆ."

"ನಾನೂ ಅದಕ್ಕೇ ಬಂದಿದ್ದು," ಎಂದ ಪಕ್ಕದವನು. ಅದರ ಪಕ್ಕದವನೂ ಹಾಗೆಯೇ ಅಂದ. ಹಿಂದಿನ ಬೆಂಚಿನವನು ಏನನ್ನೋ ಹೇಳಲು ಹೋಗಿ ಕೆಮ್ಮಿದ.

ಫೈವೆಲ್ ವಿಷಯ ಹೇಳಿ ಕೈಮುಗಿದ. ಎದ್ದು ಬನ್ನಿ, ಮಾಳಿಗೆಗೆ ಹೋಗಿ ನಾಲ್ಕು ಸಾಲು ಹೇಳಿ ಬಂದುಬಿಡೋಣ ಎಂದ. ಎಲ್ಲರೂ ಬಿಲ್ಲೆ ನೋಡಿಕೊಂಡರು. ಎದ್ದರೆ ಬಿಲ್ಲೆ ವಾಪಸು ಕೊಡಬೇಕು, ಔಷಧಿ ಹೋಯಿತು. ಅಷ್ಟು ಹೊತ್ತಿನಿಂದ ಕೇಳಿದ ಉಪದೇಶವೂ ದಂಡ.

"ನಾವು ಎದ್ದು ಬರೋದು ಯಾಕೆ? ಇಲ್ಲೇ ಹೇಳು," ಎಂದ ಗೆಟ್ಸೆಲ್. "ದೇವರು ಇಲ್ಲಿಗೆ ಬರಲ್ಲ ಅಂತ ಯಾರು ಹೇಳಿದ್ರು?"

"ನೀವೇ ಹೇಳಿದ್ರಿ. ಮೇಜು ಗುದ್ದಿ."

"ಆವತ್ತು ನನಗೆ ಎದೆನೋವು ಇರಲಿಲ್ಲ."

ಗೆಟ್ಸೆಲ್ ಎದ್ದು ತಲೆ ಎಣಿಸಿದ. ಮನುಷ್ಯರನ್ನು ಎಣಿಸಿದರೆ ದೃಷ್ಟಿಯಾಗುತ್ತದೆ ಎಂದು ಅವರು ಎಣಿಸದ ಹಾಗೆ ಎಣಿಸುತ್ತಾರೆ. "ಒಂದಲ್ಲ, ಎರಡಲ್ಲ, ಮೂರಲ್ಲ..." ಎಂದು ಬೆರಳು ತೋರುತ್ತ ಹೋಗಿ ಫೈವೆಲನ ಹತ್ತಿರ ನಿಂತ. "ಒಂಬತ್ತಲ್ಲ."

ಒಬ್ಬ ಕಡಿಮೆ. ಆಚೆ ಬದಿಯ ಬೆಂಚುಗಳಲ್ಲಿದ್ದವರು ಹೆಂಗಸರು, ಅವರು ಲೆಕ್ಕಕ್ಕಿಲ್ಲ. ಕಿಟಕಿಯ ಬಿಸಿಲು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಎಲ್ಲರ ಕಣ್ಣೂ ಮೆಲ್ಲಗೆ ಉಪದೇಶಿಯ ಕಡೆ ಹೊರಳಿತು.

"ಇವರು ಹುಟ್ಟಿದ್ದು ನಮ್ಮಲ್ಲೇ ತಾನೆ," ಎಂದ ಹಿಂದಿನ ಬೆಂಚಿನವನು.

"ಹುಟ್ಟಿದ್ದು ನಮ್ಮಲ್ಲಿ, ಮುಳುಗಿದ್ದು ಅವರಲ್ಲಿ."

"ಒದ್ದೆಯಾದ್ರೆ ಯಹೂದಿ ಯಹೂದಿ ಅಲ್ಲದೆ ಹೋಗ್ತಾನಾ?"

"ಸುಮ್ನಿರ್ರೋ. ಆಗಲ್ಲ. ಬೆನೆಟ್ ಅವರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಔಷಧಿ ಒಳ್ಳೇದು, ನೀವೂ ಒಳ್ಳೆಯವರು, ಆದ್ರೆ ನಿಮ್ಮನ್ನ ಎಣಿಸೋ ಹಾಗಿಲ್ಲ," ಎಂದ ಗೆಟ್ಸೆಲ್.

"ಸರಿಯಾಗೇ ಹೇಳಿದ್ರಿ," ಎಂದರು ಬೆನೆಟ್. "ನನ್ನನ್ನ ಎಣಿಸೋ ಹಾಗಿಲ್ಲ. ಧರ್ಮಶಾಸ್ತ್ರದ ಆ ಪುಟ ನನಗೆ ಬಾಯಿಪಾಠ." ಅವರು ತಮ್ಮ ಮೇಲಂಗಿ ತೆಗೆದು, ಪೂರ್ವದ ಗೋಡೆಯಲ್ಲಿದ್ದ ದೊಡ್ಡ ಕ್ರೈಸ್ತ ಚಿತ್ರದ ಮೇಲೆ ಇಳಿಬಿಟ್ಟರು. "ಆ ಕಡೆ ತಿರುಗಿಯಲ್ವಾ ನಿಲ್ಲೋದು, ಕಣ್ಣಿಗೆ ಬೀಳೋದು ಬೇಡ." ಆಮೇಲೆ ಹೋಗಿ ಹಸಿರು ಬಾಗಿಲನ್ನು ಅಗಲಕ್ಕೆ ತೆರೆದು, ಬೀದಿಗೆ ಕೇಳುವಂತೆ ಹಳೇ ಊರಿನ ಯಿದ್ದಿಶ್ ಭಾಷೆಯಲ್ಲಿ ಕೂಗಿದರು: "ಕದ್ದೀಶಿಗೆ ಒಬ್ಬರು ಕಡಿಮೆ ಇದ್ದಾರೆ. ಹತ್ತನೆಯವರು ಬೇಕು. ಹೊತ್ತು ಮುಳುಗ್ತಾ ಇದೆ."

ಆರು ವರ್ಷದಿಂದ ಅವರು ಅದೇ ಬಾಗಿಲಲ್ಲಿ ನಿಂತು ಕರೆದಿದ್ದರು. ಕರಪತ್ರ ಹಂಚಿ ಕರೆದರು, ಹಾರ್ಮೋನಿಯಂ ಬಾರಿಸಿ ಕರೆದರು, ಬಿಸಿ ಕೋಕೋ ತೋರಿಸಿ ಕರೆದರು. ಗಟ್ಟಿಮುಟ್ಟಾಗಿದ್ದ ಒಬ್ಬ ಯಹೂದಿಯೂ ಹೊಸಿಲು ದಾಟಿರಲಿಲ್ಲ. ಈಗ ಮೊದಲು ಬಂದವನು ದೀಪದ ಕಂಬದ ಹಿರ್ಶ್.

"ನಾನು ನಿಮ್ಮ ಮಾತಿಗೆ ಬಂದಿಲ್ಲ," ಎಂದ ಬೆನೆಟ್‌ಗೆ.

"ಗೊತ್ತು. ಟೋಪಿ ಇದೆ ತಾನೆ? ನಿಂತ್ಕೊಳ್ಳಿ."

ಆದರೆ ಕೂಗು ಅಷ್ಟರಲ್ಲಿ ಓಣಿಯ ಕೊನೆ ಮುಟ್ಟಿತ್ತು. ಹತ್ತನೆಯವನು ಬೇಕು ಎಂದರೆ ಕೇಳಿಸದವನಂತೆ ಹೋಗುವ ಎದೆ ಅಲ್ಲಿ ಯಾರಿಗೂ ಇರಲಿಲ್ಲ. ಬೂಟು ಹೊಲಿಯುವವನು ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಬಂದ. ಬ್ರೆಡ್ಡಿನವನು ಹಿಟ್ಟಿನ ಕೈಯಲ್ಲಿ ಬಂದ. ಝೆಲಿಗ್ ಯಜಮಾನನೇ ಒಂದು ಪ್ಯಾಂಟನ್ನು ಹೆಗಲ ಮೇಲೆ ಹಾಕಿಕೊಂಡು ಬಂದು, "ಬೇಗ ಮುಗಿಸೋ" ಎಂದ. ಹಾಲ್ ತುಂಬಿತು. ಬೆಂಚು ಸರಿಸಿದರು. ಗೆಟ್ಸೆಲ್ ಎರಡೂ ಕಿವಿಯ ಹತ್ತಿ ತೆಗೆದು ಜೇಬಿಗೆ ಹಾಕಿ ಪ್ರಾರ್ಥನೆ ಶುರುಮಾಡಿದ. ಫೈವೆಲ್ ಮೇಲಂಗಿಯ ಕಡೆ ಮುಖ ಮಾಡಿ ನಿಂತು ಕದ್ದೀಶ್ ಹೇಳಿದ. ಅಷ್ಟು ಜನ ಒಟ್ಟಿಗೆ "ಆಮೆನ್" ಎಂದಾಗ ಔಷಧಿ ಶೀಶೆಗಳು ಕಿಣಿಕಿಣಿ ಎಂದವು. ಅಪ್ಪನಿಗೆ ಇಷ್ಟು ದೊಡ್ಡ ಆಮೆನ್ ಹಿಂದೆಂದೂ ಸಿಕ್ಕಿರಲಿಲ್ಲ. ಫೈವೆಲನ ಕಣ್ಣಿಂದ ನೀರಿಳಿಯಿತು. ಬಾಗಿಲ ಬಳಿ ನಿಂತ ಬೆನೆಟ್ ತುಟಿಯೂ ಅಲುಗಿತು, ದನಿ ಹೊರಡಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಮಿಷನ್ನಿಗೆ ಹಣ ಕೊಡುವ ಶ್ರೀಮಂತೆ ಮಿಸೆಸ್ ಪೆಂಡಲ್ ಬಂದರು. ಆರು ವರ್ಷದಿಂದ ಅರೆಖಾಲಿ ಬೆಂಚು ನೋಡಿ ನೋಡಿ ಹೋಗುತ್ತಿದ್ದ ಪುಣ್ಯಾತ್ಗಿತ್ತಿ. ಈಗ ಕಾಲಿಡಲು ಜಾಗವಿಲ್ಲದ ಹಾಲ್, ತೂಗಾಡುತ್ತಿರುವ ಗಡ್ಡಗಳು, ನಡುವೆ ಕಣ್ಣೀರು ಸುರಿಸುತ್ತಿರುವ ಒಬ್ಬ ಬಡಪಾಯಿ.

"ಬೆನೆಟ್, ಏನು ಉಪದೇಶ ಮಾಡಿದ್ರಿ ಇವತ್ತು?" ಎಂದು ಕೇಳಿದರು, ಕರ್ಚೀಫು ಹುಡುಕುತ್ತ.

ಬೆನೆಟ್ ಸುಳ್ಳಾಡುವವರಲ್ಲ. "ಏನೂ ಮಾಡಿಲ್ಲ ಅಮ್ಮಾ. ಬಾಗಿಲಲ್ಲಿ ನಿಂತು ಕರೆದೆ ಅಷ್ಟೆ. ಇವರು ಮಾಡ್ತಾ ಇರೋದು ಇವರದೇ ಪ್ರಾರ್ಥನೆ."

"ಇರಲಿ. ಬಂದರಲ್ಲ," ಎಂದು ಅವರು ಜನರ ನಡುವೆ ತೂರಿಕೊಂಡು ಹೋಗಿ ಫೈವೆಲನ ಎರಡೂ ಕೈ ಹಿಡಿದು ಕುಲುಕಿದರು. ಬೂಟಿನವನು ಬಾಯಿಂದ ಮೊಳೆ ತೆಗೆದು ಆ ದೃಶ್ಯವನ್ನು ಮನಸಾರೆ ನೋಡಿದ. ಓಣಿಯಲ್ಲಿ ಈ ಸುದ್ದಿ ಯಾವ ರೂಪದಲ್ಲಿ ಹರಡುತ್ತದೆ ಎಂಬುದು ಫೈವೆಲನಿಗೆ ಆಗಲೇ ಕೇಳಿಸತೊಡಗಿತ್ತು.

ಔಷಧಿ ಹಂಚಿದರು. ಹಾಲ್ ಬರಿದಾಯಿತು. ಹೊರಗೆ ಮಳೆ ಹಿಡಿದಿತ್ತು. ಎಲ್ಲರ ಕಣ್ಣು ತಪ್ಪಿಸಿ ಕೊನೆಗೆ ಹೋದರಾಯಿತೆಂದು ಫೈವೆಲ್ ಒಬ್ಬನೇ ಉಳಿದ. ಏನಾದರಾಗಲಿ, ಅಪ್ಪನಿಗೆ ಕೊಟ್ಟ ಮಾತು ಉಳಿಯಿತು ಎಂಬ ತೃಪ್ತಿಯಿಂದ ಅವನ ಮುಖ ಹೊಸದಾಗಿ ಇಸ್ತ್ರಿ ಮಾಡಿದ ಕಾಲರಿನಂತಿತ್ತು.

"ಮುಂದಿನ ತಿಂಗಳು ಏನು ಮಾಡ್ತೀರಿ?" ಎಂದು ಕೇಳಿದರು ಬೆನೆಟ್, ಬೆಂಚು ಜೋಡಿಸುತ್ತ.

"ಮುಂದಿನ ತಿಂಗಳು ಏನಿದೆ? ಇನ್ನು ಮುಂದಿನ ವರ್ಷವೇ ಅಲ್ವಾ?"

"ಇವತ್ತು ಅದಾರ್ ತಿಂಗಳ ಒಂಬತ್ತು. ಈ ವರ್ಷ ಅಧಿಕ ಮಾಸ ಬಂದಿದೆಯಲ್ಲ, ಅದಾರ್ ಎರಡು. ಇದು ಮೊದಲನೇದು. ನಿಮ್ಮ ತಂದೆ ತೀರಿಕೊಂಡ ವರ್ಷ ಅದಾರ್ ಎಷ್ಟಿತ್ತು?"

"ಒಂದೇ," ಎಂದ ಫೈವೆಲ್. ಅವನ ಕಾಲರು ಮೆಲ್ಲಗೆ ಸುಕ್ಕಾಗತೊಡಗಿತು. "ಒಂದೇ ಇದ್ರೆ?"

"ಅದೇ ತಕರಾರು. ತಿಥಿ ಮೊದಲನೇದರಲ್ಲಿ ಅಂತ ಕೆಲವು ಪಂಡಿತರು, ಎರಡನೇದರಲ್ಲಿ ಅಂತ ಕೆಲವರು. ಅಂಜಿಕೆ ಇರೋರು ಎರಡರಲ್ಲೂ ಮಾಡಿಬಿಡ್ತಾರೆ. ನೀವು ನೋಡೋಕೆ ಅಂಜಿಕೆ ಇರೋರ ಹಾಗೆ ಕಾಣ್ತೀರಿ."

ಫೈವೆಲ್ ಬೆಂಚಿನ ಮೇಲೆ ಕೂತ. "ಯಾವ ವಾರ ಬರುತ್ತೆ ಅದು?"

"ಗುರುವಾರ. ಗುರುವಾರವೂ ಔಷಧಿ ಕೊಡ್ತೀವಿ. ನಿಮ್ಮವರೆಲ್ಲ ಇಲ್ಲೇ ಇರ್ತಾರೆ."

"ಅಲ್ಲ ಸ್ವಾಮಿ, ನಮ್ಮನ್ನ ಕ್ರೈಸ್ತರನ್ನಾಗಿ ಮಾಡೋದು ನಿಮ್ಮ ಕೆಲಸ. ನಮ್ಮ ಪಂಚಾಂಗ ನಿಮಗ್ಯಾಕೆ ಬೇಕು?"

ಬೆನೆಟ್ ಗೋಡೆಯ ಮೇಲಿನ ಮೇಲಂಗಿ ತೆಗೆದು, ಕೊಡವಿ, ತೊಟ್ಟುಕೊಂಡರು. "ನಮ್ಮಪ್ಪ ಹೋಗಿದ್ದೂ ಅದಾರಿನಲ್ಲೇ," ಎಂದರು. "ಬೇಗ ಬನ್ನಿ ಆವತ್ತು. ಪೆಂಡಲಮ್ಮ ಗೆಳತಿಯರನ್ನ ಕರ್ಕೊಂಡು ಬರ್ತಾರಂತೆ, ಆಮೇಲೆ ಜಾಗ ಸಿಗಲ್ಲ."

ಫೈವೆಲ್ ಟೋಪಿ ಸರಿಮಾಡಿಕೊಂಡು ಹಸಿರು ಬಾಗಿಲು ದಾಟಿದ. ಹೊರಗೆ ಎರಡು ಕುದುರೆಯ ಸಾರೋಟು ಕಾದಿತ್ತು. "ಮಳೆ ಬರ್ತಿದೆ, ಮನೆಗೆ ಬಿಡ್ತೀನಿ," ಎಂದು ಮಿಸೆಸ್ ಪೆಂಡಲ್ ಒಳಗೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಸಾರಥಿ ಕೊಡೆ ಹಿಡಿದು, ಇನ್ನೊಂದು ಕೈಯಿಂದ ಅವನ ಮೊಣಕೈ ಹಿಡಿದು ಹತ್ತಿಸಿಯೇಬಿಟ್ಟ. ಓಣಿಯ ಸೂರುಗಳ ಕೆಳಗೆಲ್ಲ ಜನ ಮಳೆಗೆ ನಿಂತಿದ್ದರು. ಖೈಕೆ ಪೀಪಾಯಿಯ ಮೇಲೆ ಹತ್ತಿ ನಿಂತಿದ್ದಳು. ತೀರಾ ಆ ಕೊನೆಯಲ್ಲಿ, ಮನೆಯ ಬಾಗಿಲಲ್ಲಿ, ಪೆಶಾ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು. ಸಾರಥಿ ಚಾವಟಿ ಎತ್ತಿದ. ಕುದುರೆಗಳು, ಯಾವ ಅವಸರವೂ ಇಲ್ಲದೆ, ಹೊರಟವು.