ಬಲಮುರಿ ಪಂಖಾ

ತುಳಜಾರಾಮನಿಗೆ ಕೇಡು ಬಂದದ್ದು ಎಂಜಿನ್ನಿನಿಂದಲ್ಲ, ನಾಲಿಗೆಯಿಂದ. ನಿಜಾಮರ ಕಾಲದ ಮಾತು. ಹುಮನಾಬಾದಿನಿಂದ ಕಲ್ಯಾಣಿಗೆ, ಅಂದರೆ ಈಗಿನ ಬಸವಕಲ್ಯಾಣಕ್ಕೆ, ಓಡುತ್ತಿದ್ದದ್ದು ಅವನದೊಂದೇ ಸರ್ವೀಸ್ ಮೋಟಾರು. ಸೊಲ್ಲಾಪುರದಿಂದ ತಂದ ಹೊಸ ಮಾದರಿಯ ಗಾಡಿ. ಮುಂದಕ್ಕೆ ಓಡುವುದರಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಹಿಂದಕ್ಕೆ ಮಾತ್ರ ಹೋಗುತ್ತಿರಲಿಲ್ಲ. ರಿವರ್ಸ್ ಗೇರಿನ ಹಲ್ಲು ಉದುರಿಹೋಗಿದ್ದರಿಂದ ಗಾಡಿ ತಿರುಗಿಸಬೇಕಾದಲ್ಲೆಲ್ಲ ಪ್ರಯಾಣಿಕರೇ ಇಳಿದು ನೂಕುತ್ತಿದ್ದರು. ಟಿಕೀಟಿನಲ್ಲಿ ಅದೂ ಸೇರಿದೆ ಎಂದು ಜನ ಒಪ್ಪಿಕೊಂಡುಬಿಟ್ಟಿದ್ದರು.

ಆ ಮಳೆಗಾಲ, ಮೋಟಾರಿನ ಪರವಾನಗಿ ಕೊಡುವ ಕಚೇರಿಯ ಪೇಶ್ಕಾರ ಅಜೀಮುದ್ದೀನ್ ಸಾಹೇಬರನ್ನು ಕೂರಿಸಿಕೊಂಡು ಬರುವಾಗ ದಾರಿಯ ಹಳ್ಳ ತುಂಬಿತ್ತು. ಮೋಟಾರು ಬುಸುಗುಟ್ಟುತ್ತ ನೀರು ಸೀಳಿ ಆಚೆಯ ದಡ ಹತ್ತಿತು. ತುಳಜಾರಾಮ ಮೀಸೆಯ ಮೇಲೆ ಕೈಯಾಡಿಸಿದ.

"ನೋಡಿದ್ರೀ ಸಾಹೇಬ್ರ? ನನ್ನ ಎಂಜಿನ್ನಿಗಿ ಕೆರಿನೂ ಒಂದೇ, ಸಡಕೂ ಒಂದೇ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಳಿಗಾಲ ಬರುತ್ತಲೇ ಪೇಶ್ಕಾರರು ಅವನನ್ನು ಕರೆಸಿದರು. ಹೈದರಾಬಾದಿನಿಂದ ಗಯಾಸುದ್ದೀನ್ ಸಾಹೇಬರೆಂಬ ಭಾರೀ ಮನುಷ್ಯರು ಕಲ್ಯಾಣಿಯ ತ್ರಿಪುರಾಂತ ಕೆರೆಗೆ ಬಾತುಕೋಳಿಯ ಶಿಕಾರಿಗೆ ಬರುವವರಿದ್ದರು.

"ಕೆರಿ, ಸಡಕ್ ಒಂದೇ ಅಂದಿದ್ದಿ. ಕಚೇರಿ ದೋಣಿಗಿ ನಿನ್ನ ಎಂಜಿನ್ ಹಾಕು. ನಡೀತಂದ್ರ ಈ ಲೈನಿನ ಪರವಾನಗಿ ಮತ್ತ ನಿನಗೇ. ಇಲ್ಲಾಂದ್ರ ಬ್ಯಾರೆಯವರು ಬಾಗಿಲಾಗ ನಿಂತಾರ, ಸಮಜ್ಯಾ?"

ಸಮಜಿಸದೆ ಏನು? ಪರವಾನಗಿ ಹೋದರೆ ಮೋಟಾರು ಕೋಳಿ ಗೂಡಿಗಷ್ಟೇ ಲಾಯಕ್ಕು, ಅವನು ಮನೆಯ ಕಟ್ಟೆಗೆ. ಒಪ್ಪಿ ಬಂದ. ಹೆಂಡತಿ ಕೇಶರಬಾಯಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಹೇಳಿದಳು:

"ಭಾಳ ಛಲೋನೂ ಮಾಡಬ್ಯಾಡ್ರಿ. ಹ್ವಾದ ವರ್ಷ ಬಂದ ಸಾಹೇಬ್ರು 'ವಾಹ್' ಅಂದಿದ್ದಕ್ಕ ಪಟೇಲರ ಕುದುರಿ ಅವರಿಗೇ ಕಾಣಿಕಿ, ನಜರಾನಾ ಆಗಿ ಹೋತು. ದೊಡ್ಡವರು ಮೆಚ್ಚಿದ್ದು ಮನ್ಯಾಗ ಉಳಿಯಲ್ಲ."

"ಆ ಹಳೀ ದೋಣಿ ನೋಡಿ ವಾಹ್ ಅಂತಾರೇನ? ಸುಮ್ಕಿರು," ಎಂದು ತುಳಜಾರಾಮ ಗದರಿದ.

ಶಿಕಾರಿಯ ದಿನ ಬೆಳಗಾಯಿತು. ಮೋಟಾರಿನಿಂದ ಬಿಚ್ಚಿದ ಎಂಜಿನ್ನು ಗೇರಿನ ಸಮೇತ ದೋಣಿಯ ನಡುವೆ ಕೂತಿತ್ತು. ಅದನ್ನು ತಣ್ಣಗಿಡಲು ಕೆರೆಯ ನೀರನ್ನೇ ರಬ್ಬರ್ ನಳಿಗೆಯಲ್ಲಿ ಹಾಯಿಸಿದ್ದರು. ಹಿಂಬದಿಯಿಂದ ಕಬ್ಬಿಣದ ಸರಳೊಂದು ನೀರಿಗಿಳಿದಿತ್ತು. ಅದರ ತುದಿಗೆ ಹುಮನಾಬಾದಿನ ಮಗ್ಗುಲ ಮಾಣಿಕನಗರದ ಕಂಚುಗಾರ ಚನ್ನಬಸಪ್ಪ ಎರಕ ಹೊಯ್ದ ಹಿತ್ತಾಳೆಯ ಪಂಖಾ. ಎಂಜಿನ್ನಿನ ಮುಂದಿರುವ ಗಾಳಿ ಪಂಖಾ ಕೊಟ್ಟು "ಇದರಂಗೇ ಮಾಡು" ಎಂದಿದ್ದ ತುಳಜಾರಾಮ. ಚನ್ನಬಸಪ್ಪ ಮಾಡಿದ ಕೆಲಸ ದೇವರ ಪ್ರಭಾವಳಿಯ ಹಾಗೆ ಥಳಥಳಿಸುತ್ತಿತ್ತು.

ತೆಂಗಿನಕಾಯಿ ಒಡೆದು ಎಂಜಿನ್ ಚಾಲೂ ಮಾಡಿದ. ಗೇರು ಹಾಕಿದ. ದೋಣಿ ಒಮ್ಮೆ ನಡುಗಿತು. ಆಮೇಲೆ ಭರ್ರನೆ ಹಿಂದಕ್ಕೆ ಹೋಗಿ ಅಗಸರ ಕಲ್ಲಿಗೆ ಢೀ ಕೊಟ್ಟಿತು. ಬಟ್ಟೆ ಒಗೆಯುತ್ತಿದ್ದ ಧೂಳಮ್ಮ ಸೀರೆ ಕೈಬಿಟ್ಟು ಜಿಗಿದಳು.

"ಯಪ್ಪಾ, ಕಣ್ಣು ಬೆನ್ನಾಗ ಅವ ಏನ್ ನಿನಗ?"

ತುಳಜಾರಾಮ ದೋಣಿಯನ್ನು ಕಲ್ಲಿನಿಂದ ದೂರ ನೂಕಿದ. ಇನ್ನೊಮ್ಮೆ ನೋಡಿದ, ದೋಣಿ ಹಿಂದಕ್ಕೇ. ಪಂಖಾ ಕಳಚಿ ಮಗುಚಿ ಹಾಕಿದ, ಆಗಲೂ ಹಿಂದಕ್ಕೇ. ರಿವರ್ಸ್ ಗೇರು ಹಾಕಿದರೆ ಮುಂದೆ ಹೋದೀತೆಂದು ಹೊಳೆಯಿತು. ಆದರೆ ಆ ಗೇರು ಇದ್ದರಲ್ಲವೆ! ಮೊದಲ ಸಲ ಅದರ ಅಗಲಿಕೆ ಅವನಿಗೆ ನೋವು ಕೊಟ್ಟಿತು.

ಕೊನೆಗೆ ಹಳೆಯ ಪಂಖಾವನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ನೋಡಿದ. ಒಂದರ ರೆಕ್ಕೆಗಳ ತಿರುವು ಎಡಕ್ಕೆ, ಇನ್ನೊಂದರದು ಬಲಕ್ಕೆ. ತನ್ನ ಕೆಲಸ ನೋಡಲು ದಡಕ್ಕೆ ಬಂದಿದ್ದ ಕಂಚುಗಾರನ ಕಡೆ ತಿರುಗಿದ.

"ಚನ್ನಬಸಪ್ಪಣ್ಣಾ, ಇದೇನ್ ಮಾಡೀದಿ?"

"ನಿಂದು ಎಡಮುರಿ ಇತ್ತಪ," ಎಂದ ಚನ್ನಬಸಪ್ಪ ಶಾಂತವಾಗಿ. "ಶಂಖ ಆಗಲಿ, ಪ್ರದಕ್ಷಿಣೆ ಆಗಲಿ, ಬಲಕ್ಕೇ ಇರಬೇಕು. ಹೊಸಾ ಕೆಲಸ, ಸಾಹೇಬ್ರು ಕೂಡವರು. ಎಡಮುರಿ ಅಪಶಕುನ ಅಂತ ನಾನೇ ಬಲಮುರಿ ಮಾಡಿದೆ. ಅದಕ್ಕ ಹೆಚ್ಚಿನ ರೊಕ್ಕಾ ಏನ್ ಕೇಳಾಂಗಿಲ್ಲ."

"ತಿರುಚು ಈಗ!"

"ತಣ್ಣಗಿದ್ದಾಗ ತಿರುಚಿದ್ರ ಮುರೀತದ. ಕುಲುಮಿ ಮಾಣಿಕನಗರದಾಗದ. ನಿನ್ನ ಮೋಟಾರಿನ್ಯಾಗ ಹೋಗಿ ಬಂದ್ರ ಆಗ್ತದ ನೋಡು."

ತುಳಜಾರಾಮ ದೋಣಿಯಲ್ಲಿದ್ದ ಎಂಜಿನ್ನನ್ನೂ ಚನ್ನಬಸಪ್ಪನ ಮುಖವನ್ನೂ ನೋಡಿ ಹಣೆ ಬಡಿದುಕೊಂಡ. ಅಷ್ಟರಲ್ಲಿ ಕೋಟೆಯ ಕಡೆಯಿಂದ ಧೂಳೆದ್ದಿತು. ಸಾಹೇಬರ ಟಾಂಗಾಗಳು! ಅವನು ಎರಡೂ ಪಂಖಾ ಹಿಡಿದುಕೊಂಡೇ ಕೆರೆಯ ಮೆಟ್ಟಿಲ ಮೇಲೆ ಕೂತ.

ಬಾಯಿಗೆ ಸೆರಗು ಹಿಡಿದು ನಗುತ್ತಿದ್ದ ಧೂಳಮ್ಮನಿಗೇ ಕೊನೆಗೆ ಕರುಣೆ ಬಂತು. "ದೋಣಿಗೇನ್ ಮುಖಾ ಮೂಗಾ ಅದನೊ, ಯಪ್ಪಾ? ಕುರ್ಚಿ ತಿರುವಿ ಹಾಕು. ಹ್ವಾದ ಕಡಿಗೇ ಮುಂದ ಅನ್ನು."

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಬಲಮುರಿ ಪಂಖಾ ಮತ್ತೆ ಸರಳಿಗೇರಿತು, ಕುರ್ಚಿಗಳು ತಿರುಗಿದವು, ಚೂಪಾದ ಮೂತಿಗೆ ಕಟ್ಟಿದ್ದ ಹೂಮಾಲೆ ಚಪ್ಪಟೆಯಾದ ಹಿಂಬದಿಗೆ ಬಂತು. ಪೇಶ್ಕಾರರು ಕೆರೆಯ ಕಟ್ಟೆ ಇಳಿಯುವಾಗ ತುಳಜಾರಾಮ ಆಗಲೇ ಕೈಜೋಡಿಸಿ ನಿಂತಿದ್ದ.

ಗಯಾಸುದ್ದೀನ್ ಸಾಹೇಬರು ಬಂದೂಕು ಹಿಡಿದು ಕುರ್ಚಿ ತುಂಬ ಕೂತರು, ಪಕ್ಕದ ಕುರ್ಚಿಯಲ್ಲಿ ಪೇಶ್ಕಾರರು. ದೋಣಿ ಹೊರಟಿತು. ಚಪ್ಪಟೆ ಬದಿ ನೀರು ಸೀಳಲಿಲ್ಲ, ಮೊರದಿಂದ ಮೊಗೆದಂತೆ ಒಳಗೆ ಸುರಿಯಿತು. ತುಳಜಾರಾಮ ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು, ಇನ್ನೊಂದು ಕೈಯಲ್ಲಿ ಜಮಖಾನೆಯಡಿಯ ನೀರನ್ನು ತಂಬಿಗೆಯಿಂದ ಸದ್ದಿಲ್ಲದೆ ಹೊರಗೆ ಚೆಲ್ಲತೊಡಗಿದ. ಬಲಕ್ಕೆ ಎಳೆದರೆ ದೋಣಿ ಎಡಕ್ಕೆ, ಎಡಕ್ಕೆ ಎಳೆದರೆ ಬಲಕ್ಕೆ. ನೀರು ಸಾಹೇಬರ ಹೊಸ ಬೂಟಿನ ಹತ್ತಿರ ಬಂತು. ಇನ್ನು ನಾಲ್ಕು ಬೆರಳು ಏರಿದರೆ ಪರವಾನಗಿ ಕೆರೆಯ ತಳಕ್ಕೇ. ಎದುರಿಗೆ ಬಾತುಕೋಳಿಗಳ ಹಿಂಡು ಕಂಡಿತು. ಈ ಗದ್ದಲಕ್ಕೆ ಅವು ಹಾರಿಹೋಗುವುದು ಖಂಡಿತವೆಂದು ತುಳಜಾರಾಮ ಕಣ್ಣು ಮುಚ್ಚಿ ಮಾಣಿಕಪ್ರಭುವನ್ನು ನೆನೆದ.

ಅವು ಹಾರಲಿಲ್ಲ! ಒಂದೆರಡು ಕತ್ತೆತ್ತಿ ನೋಡಿ ಮತ್ತೆ ತಲೆಯನ್ನು ನೀರಿಗಿಳಿಸಿದವು. ಬಂದೂಕು ಗುಡುಗಿತು. ನಾಲ್ಕಾರು ಹಕ್ಕಿಗಳು ಬಿದ್ದವು.

ಆಗ ಸಾಹೇಬರು ಮೆಲ್ಲಗೆ ಹಿಂದೆ ತಿರುಗಿದರು. ದೋಣಿಯ ಚೂಪು ಮೂತಿಯನ್ನು ನೋಡಿದರು. ಕಾಲ ಬಳಿಯ ಚಪ್ಪಟೆ ಹಲಗೆಯನ್ನು ನೋಡಿದರು. ಹುಬ್ಬು ಗಂಟಾದವು.

"ಏ ಡ್ರೈವರ್! ದೋಣಿ ಹಿಂದಕ್ಕ ಹೊಂಟದಲ್ಲೊ?"

ತುಳಜಾರಾಮನ ಕೈಯ ತಂಬಿಗೆ ಜಾರಿ ಕೆರೆಗೆ ಬಿತ್ತು. ಪೇಶ್ಕಾರರ ಮುಖ ಸುಣ್ಣವಾಯಿತು. 

ಸಾಹೇಬರು ಒಮ್ಮೆಲೇ ತೊಡೆ ತಟ್ಟಿ ನಕ್ಕರು.

"ಬಹುತ್ ಖೂಬ್! ಬೆನ್ನು ಕಂಡ್ರ ದೋಣಿ ದೂರ ಹೊಂಟದ ಅಂತ ಹಕ್ಕಿ ತಿಳೀತಾವ. ಏನ್ ಅಕ್ಕಲ್, ಏನ್ ಹಿಕಮತ್! ಹೈದರಾಬಾದಿನ್ಯಾಗ ಇಂಥಾದು ಒಬ್ಬರ ಹತ್ತಿರನೂ ಇಲ್ಲ. ವಾಹ್!"

'ವಾಹ್' ಎಂಬ ಮಾತು ಕಿವಿಗೆ ಬಿದ್ದದ್ದೇ ತುಳಜಾರಾಮನಿಗೆ ಹೆಂಡತಿಯ ಮುಖ ನೆನಪಾಯಿತು. ಅಷ್ಟರಲ್ಲಿ ಪೇಶ್ಕಾರರು ಎದ್ದು, ಎದೆಯ ಮೇಲೆ ಕೈಯಿಟ್ಟು ಬಾಗಿಯೂ ಆಗಿತ್ತು.

"ಹುಜೂರ್ ಮೆಚ್ಚಿದ ಮ್ಯಾಲ ಇದು ತಮ್ಮದೇ. ಎಂಜಿನ್ ಸಮೇತ ನಮ್ಮ ನಜರಾನಾ."

"ಸಾಹೇಬ್ರ, ಎಂಜಿನ್ ನಂದ್ರಿ!" ದಡದಲ್ಲಿ ತುಳಜಾರಾಮ ಪೇಶ್ಕಾರರ ಅಂಗಿಯ ತುದಿ ಹಿಡಿದು ಅಳುವುದೊಂದು ಬಾಕಿ.

"ಕೊಟ್ಟಿದ್ದು ವಾಪಸ್ ಕೇಳಾಕ ಬರ್ತದೇನೊ? ನಿನಗ ಪರವಾನಗಿ ಬೇಕಿತ್ತು, ಹಿಡಿ. ಸೋಮವಾರದಿಂದ ಮೋಟಾರ್ ಓಡಬೇಕು. ಒಂದಿನ ತಪ್ಪಿದ್ರೂ ರದ್ದು."

ತುಳಜಾರಾಮ ಪರವಾನಗಿಯನ್ನು ಕಣ್ಣಿಗೊತ್ತಿಕೊಂಡ. ಎಂಜಿನ್ನು ದೋಣಿಯ ಜೊತೆ ಹೈದರಾಬಾದಿನ ದಾರಿ ಹಿಡಿಯಿತು. ಚನ್ನಬಸಪ್ಪ ಮಾತ್ರ ಊರ ತುಂಬ ಹೇಳಿಕೊಂಡು ತಿರುಗಿದ: "ನೋಡಿದ್ರ್ಯಾ? ಬಲಮುರಿ ಅಂದ್ರ ಶುಭಾನೇ."

ಸೋಮವಾರ ಬೆಳಗ್ಗೆ ಹುಮನಾಬಾದಿನಿಂದ ಸರ್ವೀಸ್ ಮೋಟಾರು ಹೊತ್ತಿಗೆ ಸರಿಯಾಗಿ ಹೊರಟಿತು. ಮುಂದೆ ನೆರೆಮನೆಯ ಬಂಡೆಪ್ಪನಿಂದ ಬಾಡಿಗೆಗೆ ತಂದ ಎರಡು ಎತ್ತು, ಒಳಗೆ ಕಿಕ್ಕಿರಿದ ಜನ. ತುಳಜಾರಾಮ ಸ್ಟೇರಿಂಗ್ ಹಿಡಿದು ಗಂಭೀರವಾಗಿ ಕೂತಿದ್ದ. ಪಕ್ಕದಲ್ಲಿ ಕೇಶರಬಾಯಿ ಬಾರಕೋಲು ಹಿಡಿದಿದ್ದಳು. ಸಂಜೆ ಕಲ್ಯಾಣಿಯ ಕೋಟೆ ಬಾಗಿಲ ಮುಂದೆ ಗಾಡಿ ತಿರುಗಿಸಬೇಕಾಯಿತು. ಎತ್ತುಗಳು ಹಿಂದಕ್ಕೆ ಒಂದು ಹೆಜ್ಜೆಯನ್ನೂ ಇಡಲೊಲ್ಲವು. ತುಳಜಾರಾಮ ಹಾರ್ನ್ ಒತ್ತಿದ. ಪ್ರಯಾಣಿಕರು ಯಥಾಪ್ರಕಾರ ಇಳಿದು ನೂಕಿದರು.