ಹಡಗಿನ ತೊಟ್ಟಿಯಲ್ಲಿ ಅತ್ತೆಯ ಮೀನು

ವಿಲ್ಕೊನ ಅತ್ತೆ ಸ್ಟೆಫಾನಿಯಾಗೆ ಸತ್ತ ಮೀನಿನ ಮೇಲೆ ನಂಬಿಕೆ ಇರಲಿಲ್ಲ. ಬದುಕಿರುವ ಅಳಿಯನ ಮೇಲೂ ಅಷ್ಟಕ್ಕಷ್ಟೇ. ಕ್ರಿಸ್‌ಮಸ್ ಹಿಂದಿನ ದಿನದ ಊಟಕ್ಕೆ ಗೆಂಡೆ ಮೀನೇ ಆಗಬೇಕು, ಅದೂ ಅಡುಗೆಮನೆಯ ಹೊಸ್ತಿಲು ದಾಟುವಾಗ ಬಾಲ ಬಡಿಯುತ್ತಿರಬೇಕು ಎನ್ನುವುದು ಆಕೆಯ ಕಟ್ಟುನಿಟ್ಟು.

"ಹೋದ ವರ್ಷ ತಂದಿದ್ಯಲ್ಲ, ಅದು ಹಿಂದಿನ ದಿನಾನೇ ಸತ್ತಿತ್ತು," ಎಂದು ಆಕೆ ಬೆಳಗಿನ ಐದು ಗಂಟೆಗೇ ಶುರುಮಾಡಿದಳು. "ಕಣ್ಣು ನೋಡಿದ್ರೆ ಗೊತ್ತಾಗಲ್ವೇನೋ ನಂಗೆ. ನೀನು ದಿನಾ ಬೆಳಿಗ್ಗೆ ಎದ್ದಾಗ ಹೇಗಿರ್ತೀಯೋ ಹಾಗೇ ಇತ್ತು."

"ಈ ಸಲ ಉಸಿರಾಡೋದನ್ನೇ ತರ್ತೀನಮ್ಮ," ಎಂದು ವಿಲ್ಕೊ ಬಕೆಟ್ ಹಿಡಿದು ಹೊರಟ.

ಜಾಗ್ರೆಬ್ ಪಟ್ಟಣದಲ್ಲಿ ಬೇರೆಯವರಿಗೆ ಈ ಪಾಡು ಇಲ್ಲ. ಅವರು ಎರಡು ದಿನ ಮೊದಲೇ ಗೆಂಡೆಯನ್ನು ತಂದು ಬಚ್ಚಲಮನೆಯ ತೊಟ್ಟಿಯಲ್ಲಿ ಬಿಟ್ಟು, ಸ್ನಾನ ಬಿಟ್ಟು ಕೂರುತ್ತಾರೆ. ಸ್ಟೆಫಾನಿಯಾಳ ಮನೆಯಲ್ಲಿ ಬಚ್ಚಲಮನೆಯೇ ಇರಲಿಲ್ಲ. ಮದುವೆಯಾದ ಹನ್ನೊಂದು ವರ್ಷದಿಂದ ವಿಲ್ಕೊ ಅಡುಗೆಮನೆಯ ಮರದ ಬಾನಿಯಲ್ಲಿ ಮಂಡಿ ಮಡಚಿ ಕೂತು, "ಯಾರೂ ಬರಬೇಡಿ" ಎಂದು ಕೂಗುತ್ತಾ ಸ್ನಾನ ಮಾಡುತ್ತಿದ್ದ. ಅತ್ತೆ ಬಂದೇ ಬರುತ್ತಿದ್ದಳು, ಒಲೆಯ ಮೇಲೆ ಸಾರು ಇದೆಯೆಂದು. ಆ ಬಾನಿಯೂ ಈಗ ಹಬ್ಬದ ಬಟ್ಟೆ ನೆನೆಹಾಕಿ ತುಂಬಿತ್ತು.

ಹಾಗಾಗಿ ಮಾರುಕಟ್ಟೆಯಲ್ಲಿ ಮೂರು ಕಿಲೋ ತೂಗುವ ಗೆಂಡೆ ಕೊಂಡ ವಿಲ್ಕೊ, ಬಕೆಟ್ಟಿನ ಮೇಲೆ ಮಫ್ಲರ್ ಮುಚ್ಚಿಕೊಂಡು ಟ್ರಾಮ್ ಹತ್ತಿ ನೇರ ಕೆಲಸಕ್ಕೇ ಬಂದ. ಕಮ್ಯುನಿಸ್ಟ್ ಸರ್ಕಾರ ಕ್ರಿಸ್‌ಮಸ್ಸನ್ನು ಒಪ್ಪಿರಲಿಲ್ಲ, ಆದ್ದರಿಂದ ರಜೆ ಇರಲಿಲ್ಲ.

ಅವನು ಕೆಲಸ ಮಾಡುತ್ತಿದ್ದುದು ದೇಶದ ಹಡಗು ನಿರ್ಮಾಣ ಸಂಶೋಧನಾ ಸಂಸ್ಥೆಯಲ್ಲಿ. ಯುದ್ಧ ಮುಗಿದ ಮೇಲೆ ಅದನ್ನು ಕಟ್ಟುವಾಗ, ಸಮುದ್ರದಿಂದ ಅರ್ಧ ದಿನದ ರೈಲು ಪ್ರಯಾಣದಷ್ಟು ದೂರದ ಈ ಊರನ್ನು ಯಾಕೆ ಆರಿಸಿದರೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಸಮುದ್ರ ಇಲ್ಲದ್ದಕ್ಕೆ ಒಂದು ತೊಟ್ಟಿ ಕಟ್ಟಿದರು. ಈ ತುದಿಯಲ್ಲಿ ನಿಂತವನ ಮುಖ ಆ ತುದಿಯವನಿಗೆ ಕಾಣದಷ್ಟು ಉದ್ದ. ಹಡಗುಕಟ್ಟೆಗಳಲ್ಲಿ ದೊಡ್ಡ ಹಡಗು ಕಟ್ಟುವ ಮೊದಲು ಅದರ ಮರದ ಪುಟ್ಟ ಮಾದರಿಯನ್ನು ಇಲ್ಲಿ ಹಳಿಯ ಮೇಲಿನ ಗಾಡಿಗೆ ಕಟ್ಟಿ ಎಳೆದು, ನೀರು ಎಷ್ಟು ತಡೆಯುತ್ತದೆಂದು ಅಳೆಯುತ್ತಿದ್ದರು. ಇಲ್ಲಿ ಪಾಸಾದ ಹಡಗುಗಳು ಏಳು ಸಮುದ್ರಗಳಲ್ಲಿ ಓಡಾಡುತ್ತಿದ್ದವು. ವಿಲ್ಕೊ ಸಮುದ್ರ ನೋಡಿದ್ದು ಎರಡೇ ಸಲ. ಆದರೆ ತೊಟ್ಟಿಯ ನೀರಿನ ಉಸ್ತುವಾರಿ ಅವನದು, ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ. ಪ್ರತಿ ಓಟದ ನಂತರ ಇಪ್ಪತ್ತು ನಿಮಿಷ ಕಾದು, ನೀರು ಕನ್ನಡಿಯಾಯಿತೆಂದು ಅವನು ಕೈ ಎತ್ತಿದರೇ ಮುಂದಿನ ಓಟ.

ತೊಟ್ಟಿಯ ಈಚೆ ತುದಿಗೆ, ಮಾದರಿಗಳನ್ನು ನೀರಿಗಿಳಿಸುವ ಒಂದು ಸಣ್ಣ ಕೊಳವಿತ್ತು, ನಡುವೆ ಹಲಗೆಯ ಬಾಗಿಲು. ಬಕೆಟ್ಟಿನಲ್ಲಿ ಬಾಯಿ ಬಾಯಿ ಬಿಡುತ್ತಿದ್ದ ಗೆಂಡೆಯನ್ನು ನೋಡಿ ವಿಲ್ಕೊ ಅಯ್ಯೋ ಪಾಪ ಎಂದುಕೊಂಡ. ಸಂಜೆಯವರೆಗೆ ತಾನೇ ಎಂದು ಕೊಳಕ್ಕೆ ಬಿಟ್ಟ.

ಆ ದಿನ ಹೀಗೆ ಮಾಡಬಾರದಿತ್ತು. ಮಧ್ಯಾಹ್ನ ಎರಡಕ್ಕೆ ವಸತಿ ಸಮಿತಿ ಸೇರಿ ಸಂಸ್ಥೆಯ ಪಾಲಿಗೆ ಬಂದಿದ್ದ ಒಂದೇ ಒಂದು ಫ್ಲಾಟ್ ಯಾರಿಗೆಂದು ತೀರ್ಮಾನಿಸುವುದಿತ್ತು. ನದಿಯಾಚೆ, ಒಂಬತ್ತನೇ ಮಹಡಿ, ಎರಡು ಕೋಣೆ, ಬಚ್ಚಲಮನೆಯಲ್ಲಿ ಬಿಳಿ ತೊಟ್ಟಿ. ಪಟ್ಟಿಯಲ್ಲಿ ಉಳಿದಿದ್ದವರು ಇಬ್ಬರು: ವಿಲ್ಕೊ, ಮತ್ತು ಮೂರು ಮಕ್ಕಳ ತಂದೆಯಾದ ಬಡಗಿ ಗಾಶ್ಪರ್. ಈಗ ಒಂದು ಕಪ್ಪುಚುಕ್ಕೆ ಬಿದ್ದರೂ ವಿಲ್ಕೊ ಇನ್ನು ಹನ್ನೊಂದು ವರ್ಷ ಅತ್ತೆಯ ಮನೆಯಲ್ಲೇ, ಆ ಬಾನಿಯಲ್ಲೇ.

ಹತ್ತು ಗಂಟೆಗೆ ಹಡಗು ಕೊಳ್ಳುವ ಕಂಪನಿಯ ಪರವಾಗಿ ಗ್ರೀಸಿನ ಕಲೀಗಸ್ ಎಂಬಾತ ಪರೀಕ್ಷೆ ನೋಡಿ ಸಹಿ ಹಾಕಲು ಬಂದ. ವಿಲ್ಕೊ ನೀರಿನ ಉಷ್ಣತೆ ಬರೆದುಕೊಳ್ಳಲು ಆಚೆ ತುದಿಗೆ ಹೋಗಿ ಬರುವಷ್ಟರಲ್ಲಿ ಕೊಳದ ಹಲಗೆ ಎತ್ತಿ ಮಾದರಿಯನ್ನು ತೊಟ್ಟಿಗೆ ತಂದಾಗಿತ್ತು. ಮಾದರಿಯ ಹಿಂದೆಯೇ ಗೆಂಡೆಯೂ ಹೊರಟುಹೋಗಿತ್ತು. ವಿಲ್ಕೊ ಖಾಲಿ ಕೊಳಕ್ಕೆ ಬಗ್ಗಿ ಎರಡೆರಡು ಸಲ ನೋಡಿದ.

ಮೊದಲ ಓಟ. ಗಾಡಿ ಹೊರಟಿತು, ಮಾದರಿ ಸಾಗಿತು, ಅರ್ಧ ದಾರಿಯಲ್ಲಿ ಧಡ್ ಎಂದು ಮುಗ್ಗರಿಸಿತು. ಅಳತೆಯ ಮುಳ್ಳು ಹಾರಿ ಬಿತ್ತು.

"ಎಂತ ಮಾರಾಯ ಇದು," ಎಂದ ಎಂಜಿನಿಯರ್ ಫ್ರಾನೆ. ಅವನು ಕಡಲತೀರದವನು, ಒಳನಾಡಿನವರನ್ನು ಕಂಡರೆ ಅವನಿಗೆ ಮೊದಲಿಂದಲೂ ತಮಾಷೆ. "ನಿನ್ನ ನೀರಿಗೆ ಇವತ್ತು ಎಂತ ಆಗಿದೆ? ಸೂಪಿನ ತಟ್ಟೆಯಲ್ಲಿ ಸಮುದ್ರ ನೋಡಿದವರ ಕೈಗೆ ತೊಟ್ಟಿ ಕೊಟ್ರೆ ಹೀಗೇ ಆಗೂದು."

"ನೀರು ಸರಿಯಾಗೇ ಇದೆ ಸಾರ್," ಎಂದ ವಿಲ್ಕೊ.

ಎರಡನೇ ಓಟದಲ್ಲಿ ಮಾದರಿ ಎಡಕ್ಕೆ ವಾಲಿತು. ಅತಿಥಿಗೆ ಕಾಫಿ ತಂದಿದ್ದ ಅಮಾಲಿಯಾ ತಕ್ಷಣ ಕಾರಣ ಕಂಡುಹಿಡಿದಳು. ಆಫೀಸಿನ ಗುಮಾಸ್ತೆಯಾದ ಆಕೆ ವಸತಿ ಸಮಿತಿಯ ಕಾರ್ಯದರ್ಶಿಯೂ ಹೌದು. ಹಲ್ಲುನೋವಿನಿಂದ ಹಿಡಿದು ಗಂಡಹೆಂಡಿರ ಜಗಳದವರೆಗೆ ಎಲ್ಲಕ್ಕೂ ಆಕೆ ಹೇಳುತ್ತಿದ್ದ ಕಾರಣ ಒಂದೇ.

"ಗಾಳಿ," ಎಂದಳು. "ಆ ಬಾಗಿಲೂ ತೆಗೆದಿದೆ, ಈ ಕಿಟಕೀನೂ ತೆಗೆದಿದೆ. ಅಡ್ಡಗಾಳಿ ಹೊಡೆದ್ರೆ ಮನುಷ್ಯರ ಸೊಂಟಾನೇ ಹಿಡ್ಕೊಳ್ಳುತ್ತೆ, ಇನ್ನು ಪಾಪ ಆ ಪುಟ್ಟ ಹಡಗು ಏನು ಮಾಡೀತು?"

ವಿಜ್ಞಾನ ಓದಿದ ಒಂಬತ್ತು ಜನ ಎಂಜಿನಿಯರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಂತರ ಎದ್ದು ಎಲ್ಲ ಕಿಟಕಿ ಮುಚ್ಚಿದರು. ಬಾಗಿಲ ಸಂದಿಗೆ ಸಂಸ್ಥೆಯ ಡೈರೆಕ್ಟರ್ ತಮ್ಮ ಕೋಟನ್ನೇ ತುರುಕಿದರು.

ಮೂರನೇ ಓಟದಲ್ಲಿ ಕಲೀಗಸ್ ಗಾಡಿಯ ಮೇಲೆ ನಿಂತು ಬಗ್ಗಿ ನೋಡುತ್ತಿದ್ದ. ಸಿಗರೇಟು ಬಾಯಿಂದ ತೆಗೆದು, ಶಾಂತವಾಗಿ ಹೇಳಿದ: "ನಿಮ್ಮ ಗಾಳಿಗೆ ಬಾಲ ಇದೆ."

ಎಲ್ಲರೂ ಬಗ್ಗಿದರು. ಗೆಂಡೆ ಮಾದರಿಯ ಹೊಟ್ಟೆಗೆ ಮೂತಿ ಉಜ್ಜುತ್ತಾ, ತಾಯಿಯ ಜೊತೆ ಪೇಟೆಗೆ ಹೊರಟಂತೆ ಬರುತ್ತಿತ್ತು.

"ಯಾರದ್ದು ಇದು?" ಎಂದರು ಡೈರೆಕ್ಟರ್.

ಫ್ರಾನೆ ನಿಧಾನವಾಗಿ ಬಡಗಿ ಗಾಶ್ಪರ್ ಕಡೆ ತಿರುಗಿ, "ಕೊಳದ ಹಲಗೆ ಎತ್ತಿದ್ದು ನೀನಲ್ವಾ?" ಎಂದ. ಗಾಶ್ಪರನ ಮುಖ ಸುಣ್ಣವಾಯಿತು. ವಿಲ್ಕೊ ಒಂದು ಕ್ಷಣ ಬಾಯಿ ಮುಚ್ಚಿಕೊಂಡಿದ್ದರೆ ಫ್ಲಾಟ್ ಅವನದಾಗುತ್ತಿತ್ತು. ಆದರೆ ಅವನು ಒಳ್ಳೆಯವನಾಗಿ ಹುಟ್ಟಿದ್ದ, ಅದಕ್ಕೆ ಮದ್ದಿಲ್ಲ.

"ನಂದು ಸಾರ್. ಅಂದ್ರೆ, ನಮ್ಮತ್ತೇದು."

"ಆ ಮೀನು ಹೊರಗೆ ಬರುವ ತನಕ ನನ್ನ ಸಹಿ ಇಲ್ಲ," ಎಂದ ಕಲೀಗಸ್. "ಮೂರೂವರೆಗೆ ಮತ್ತೆ ನೋಡ್ತೇನೆ."

ಎರಡು ಗಂಟೆಗೆ ವಿಲ್ಕೊ ವಸತಿ ಸಮಿತಿಯ ಮುಂದೆ ಟೋಪಿ ಹಿಸುಕುತ್ತಾ ನಿಂತ. ಹೇಗೂ ಮುಳುಗಿದ್ದಾಯಿತು ಎಂದುಕೊಂಡು ಎಲ್ಲವನ್ನೂ ಬಿಚ್ಚಿ ಹೇಳಿದ. ಬಚ್ಚಲಮನೆ ಇಲ್ಲದ್ದು, ಬಾನಿ, ಸಾರು. ಎಷ್ಟು ಹೇಳಿದರೂ ಅವರ ಮುಖ ಕರಗದಿದ್ದಾಗ ಕೊನೆಯದಾಗಿ ಅತ್ತೆಯನ್ನೇ ಎಳೆದು ತಂದ.

"ನನ್ನ ವಿಷ್ಯ ಬಿಡಿ. ಎಪ್ಪತ್ತೆರಡು ವರ್ಷದ ಮುದುಕಿ ಅದೇ ಬಾನೀಲಿ ಗೋಡೆ ಹಿಡ್ಕೊಂಡು ನಿಂತು ಸ್ನಾನ ಮಾಡ್ತಾರೆ. ಚಳಿಗಾಲದಲ್ಲಿ ಅವರು ನಡುಗೋದು ನೋಡಿದ್ರೆ ನಂಗೆ ಊಟ ಸೇರಲ್ಲ."

ಅವನಿಗೆ ಊಟ ಚೆನ್ನಾಗಿಯೇ ಸೇರುತ್ತಿತ್ತು.

"ಕಿಟಕಿ ಸಂದಿಯಿಂದ ಗಾಳಿ ಬರುತ್ತಾ?" ಎಂದು ಅಮಾಲಿಯಾ ಕೇಳಿದಳು.

"ನೇರ ಬೆನ್ನಿಗೇ ಹೊಡೆಯುತ್ತೆ."

ಅಮಾಲಿಯಾ ಕರವಸ್ತ್ರ ತೆಗೆದಳು. "ನೀನು ಹೋಗು, ಆ ಮೀನು ಹಿಡಿ. ನಾವು ಮಾತಾಡ್ತೀವಿ," ಎಂದಳು.

ವಿಲ್ಕೊ ಅಮಾಲಿಯಾಳ ಬಲೆಚೀಲವನ್ನೇ ಕೋಲಿಗೆ ಕಟ್ಟಿಕೊಂಡು, ಪುಟ್ಟ ದೋಣಿಯಲ್ಲಿ ಕೂತು, ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಹೋಗಿಬಂದ. ಎರಡು ಸಲ ನೀರಿಗೆ ಬಿದ್ದ. ಅವನನ್ನು ನೋಡಲಾರದೆ ಫ್ರಾನೆ ಪ್ಯಾಂಟು ಮಡಚಿ ಇಳಿದು, "ಮೀನು ಹಿಡಿಯೂದು ನಮ್ಮ ಅಪ್ಪಂದಿರ ಕೆಲಸ, ನೀ ಆಚೆ ಸರಿ," ಎಂದು ಅಲೆ ತಡೆಯಲು ಆಚೆ ತುದಿಯಲ್ಲಿ ಇಳಿಜಾರಾಗಿ ಹಾಕಿದ್ದ ಹಲಗೆಗಳ ಕೆಳಗೆ ಅದನ್ನು ಅಡ್ಡಗಟ್ಟಿದ. ಮೂರಕ್ಕೆ ಮೀನು ಬಕೆಟ್ಟಿನಲ್ಲಿತ್ತು. ಮೂರೂವರೆಗೆ ವಿಲ್ಕೊ ಕೈ ಎತ್ತಿದ. ಮಾದರಿ ಬೆಣ್ಣೆಯ ಮೇಲೆ ಚಾಕು ಎಳೆದಂತೆ ಸಾಗಿತು, ಕಲೀಗಸ್ ಸಹಿ ಹಾಕಿದ.

ಅಷ್ಟರಲ್ಲಿ ಅಮಾಲಿಯಾ ಬಂದು, ಅವನ ಒದ್ದೆ ಕೈ ನೋಡಿ, ಲಕೋಟೆಯನ್ನು ತಾನೇ ಅವನ ಒಳಜೇಬಿಗೆ ಸೇರಿಸಿದಳು. "ಫ್ಲಾಟ್ ನಿಂದೇ ಕಣೋ. ಗಾಶ್ಪರ್‌ಗೂ ಒಂದು ದಾರಿ ಮಾಡಿದೀವಿ, ಯೋಚನೆ ಮಾಡ್ಬೇಡ. ಮನೆಗೆ ಹೋಗಿ ಓದು. ನಿಮ್ಮ ಬೀದಿ ಬೇಕರಿಗೆ ಫೋನ್ ಮಾಡಿ ಸುದ್ದೀನೂ ಮುಟ್ಟಿಸಿದೀನಿ."

ಟ್ರಾಮಿನಲ್ಲಿ ವಿಲ್ಕೊನಿಗೆ ಚಳಿ ಗೊತ್ತಾಗಲಿಲ್ಲ. ಅತ್ತೆಗೆ ಹೇಗೆ ವಿದಾಯ ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ. ಭಾನುವಾರ ಭಾನುವಾರ ಬರ್ತೀವಮ್ಮ ಎನ್ನಬೇಕು. ಅಲ್ಲ, ತಿಂಗಳಿಗೊಂದು ಭಾನುವಾರ.

ಮನೆಯಲ್ಲಿ ಸ್ಟೆಫಾನಿಯಾ ಚರ್ಚಿಗೆ ಹೋಗುವ ಕಪ್ಪು ಉಡುಪು ತೊಟ್ಟು ಕೂತಿದ್ದಳು. ಗೆಂಡೆ ಬಾಲ ಬಡಿಯಿತು, ಆಕೆ ಅತ್ತ ನೋಡಲೂ ಇಲ್ಲ. ಆಕೆಯ ಪಕ್ಕದಲ್ಲಿ ಹಗ್ಗ ಬಿಗಿದ ದೊಡ್ಡ ಪೆಟ್ಟಿಗೆಯಿತ್ತು. ಹೆಂಡತಿ ಬಾರಿತ್ಸಾ ಅವನ ಜೇಬಿನಿಂದ ಲಕೋಟೆ ತೆಗೆದು ಜೋರಾಗಿ ಓದಿದಳು.

"ವಯೋವೃದ್ಧೆ ಸ್ಟೆಫಾನಿಯಾ ಅವರ ಕಷ್ಟವನ್ನೂ, ಅಳಿಯ ವಿಲ್ಕೊ ಅವರ ಅಪರೂಪದ ಮಾತೃಭಕ್ತಿಯನ್ನೂ ಗಮನಿಸಿ, ಸಮಿತಿಯು ಈ ಫ್ಲಾಟನ್ನು ಮಂಜೂರು ಮಾಡಿದೆ. ಬಚ್ಚಲಮನೆಯ ಪಕ್ಕದ ದೊಡ್ಡ ಕೋಣೆ ಸದರಿ ವೃದ್ಧೆಗೆ ಮೀಸಲು. ಅವರು ಅಲ್ಲಿ ವಾಸಿಸದಿದ್ದಲ್ಲಿ ಫ್ಲಾಟನ್ನು ವಾಪಸು ಪಡೆಯಲಾಗುವುದು. ಅವರ ಈಗಿನ ಮನೆಯನ್ನು ಬಡಗಿ ಗಾಶ್ಪರ್ ಅವರಿಗೆ ಬಾಡಿಗೆಗೆ ಕೊಡಿಸಲಾಗುವುದು."

ವಿಲ್ಕೊ ಬಕೆಟ್ ಕೆಳಗಿಟ್ಟು ಪೆಟ್ಟಿಗೆಯ ಮೇಲೆಯೇ ಕುಸಿದ.

ಸ್ಟೆಫಾನಿಯಾ ಎದ್ದು ಬಂದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಒದ್ದೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟಳು. ಆಕೆಯ ಕಣ್ಣು ತುಂಬಿತ್ತು.

"ನಿನ್ನನ್ನ ಕೆಲಸಕ್ಕೆ ಬಾರದವನು ಅಂದ್ಕೊಂಡಿದ್ದೆ ಕಣೋ," ಎಂದಳು. "ನನ್ನ ಬಿಟ್ಟು ಹೋಗಿಬಿಡ್ತೀರ ಅಂತ ಎಷ್ಟು ರಾತ್ರಿ ನಿದ್ದೆಗೆಟ್ಟಿದೀನಿ ಗೊತ್ತಾ? ನಾಲ್ಕು ಜನರ ಮುಂದೆ ನಿಂತು ಈ ಮುದುಕಿಗೋಸ್ಕರ ಕೇಳಿದ್ಯಂತೆ. ನಿಜ ಹೇಳು, ನಿಂಗೆ ನಾನು ಬೇಕು ತಾನೇ?"

ಬಾರಿತ್ಸಾ ಅವನನ್ನೇ ನೋಡುತ್ತಿದ್ದಳು.

"ಬೇಕಮ್ಮ," ಎಂದ ವಿಲ್ಕೊ.