ಡಾಕ್ಟರ್ ತಾತನ ಎಡೆ

ಪ್ರತಿ ಮನೆಯಲ್ಲೂ ಕಳೆದದ್ದನ್ನು ಹುಡುಕಿಕೊಡಲೆಂದೇ ಒಬ್ಬರು ಹುಟ್ಟಿರುತ್ತಾರೆ. ಉಳಿದವರೆಲ್ಲ ಕಳೆಯಲು ಹುಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ಹುಡುಕುವವಳು ನಾನು. ನಮ್ಮ ಯಜಮಾನರ ಕನ್ನಡಕ, ಸ್ಕೂಟರ್ ಕೀ, ಗ್ಯಾಸ್ ಪುಸ್ತಕ, ನಮ್ಮತ್ತೆಯ ಹಲ್ಲಿನ ಸೆಟ್ಟು, ಯಾವುದು ಕಾಣದಿದ್ದರೂ ‘ಶಾರದಾ’ ಎಂದು ಒಂದು ಕೂಗು ಬರುತ್ತದೆ. ಒಲೆಯ ಮೇಲಿನ ಸಾರು ಬಿಟ್ಟು ಎದ್ದು ಹೋಗುತ್ತೇನೆ. ಕನ್ನಡಕ ಫ್ರಿಜ್ಜಿನಲ್ಲಿ ಮೊಟ್ಟೆಗಳ ಪಕ್ಕ ಸಿಕ್ಕಿದ್ದೂ ಉಂಟು. ಅದು ಅಲ್ಲಿಗೆ ಹೇಗೆ ಹೋಯಿತು ಎಂದು ಕೇಳುವಷ್ಟು ತ್ರಾಣ ನನ್ನಲ್ಲಿ ಈಗ ಉಳಿದಿಲ್ಲ. ಸಿಕ್ಕಿದ್ದನ್ನು ಕೈಗೆ ಕೊಟ್ಟು ಮತ್ತೆ ಒಲೆಯ ಮುಂದೆ ಹೋಗಿ ನಿಲ್ಲುತ್ತೇನೆ. ಇದಕ್ಕೆಲ್ಲ ಒಗ್ಗಿಹೋಗಿದ್ದೆ. ಆದರೆ ಹೋದ ವರ್ಷ ಇದೇ ಮನೆಯವರು ಒಬ್ಬ ಮನುಷ್ಯನನ್ನೇ ಹುಡುಕಿಕೊಡು ಎಂದಾಗ ನನಗೆ ನಿಜವಾಗಿಯೂ ಸುಸ್ತಾಯಿತು. ಅದೂ ಸುಮಾರು ನೂರು ವರ್ಷದ ಹಿಂದೆ ಕಳೆದುಹೋದ ಮನುಷ್ಯನನ್ನು.

ಆ ಮನುಷ್ಯ ನಮ್ಮ ಯಜಮಾನರ ಮುತ್ತಾತ. ಹೆಸರು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ, ‘ಡಾಕ್ಟರ್ ತಾತ’ ಅಷ್ಟೆ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಬುಡದ ಊರಿನಲ್ಲಿ ಹೆಂಡತಿಯನ್ನೂ ಕೈಗೂಸನ್ನೂ ಬಿಟ್ಟು, ಹಡಗು ಹತ್ತಿ ಪರದೇಶಕ್ಕೆ ಹೋದರು, ಅಲ್ಲಿ ದೊಡ್ಡ ಡಾಕ್ಟರಾಗಿ ಬಿಳಿಯರಿಗೆ ಔಷಧ ಕೊಡುತ್ತಿದ್ದರು, ತಿರುಗಿ ಬರಲಿಲ್ಲ. ಇಷ್ಟೇ ಕಥೆ. ಈ ಕಥೆಯ ಬಲದ ಮೇಲೆ ನಮ್ಮ ಯಜಮಾನರು ಇಡೀ ಬೀದಿಗೆ ವೈದ್ಯರು. ಇವರಿಗೆ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ. ಆದರೆ ಎದುರು ಮನೆಯವರು ಕೆಮ್ಮಿದರೆ ಗೇಟಿನ ಹತ್ತಿರವೇ ನಿಲ್ಲಿಸಿ, ‘ಕಫಾನೋ, ಒಣ ಕೆಮ್ಮೋ?’ ಎಂದು ವಿಚಾರಣೆಗೆ ತೊಡಗುತ್ತಾರೆ. ‘ನಮ್ದು ಡಾಕ್ಟರ್ ವಂಶ ಕಣೇ, ರಕ್ತದಲ್ಲೇ ಬಂದಿದೆ’ ಎನ್ನುತ್ತಾರೆ. ನನ್ನ ಮಂಡಿನೋವಿಗೆ ಮಾತ್ರ ಆ ರಕ್ತದಲ್ಲಿ ಇನ್ನೂ ಏನೂ ಬಂದಿಲ್ಲ.

ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಕೊಂಡವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಾಳೆ ಎಲೆ, ಅದರ ಮೇಲೆ ಅವರು ಬದುಕಿದ್ದಾಗ ಇಷ್ಟಪಡುತ್ತಿದ್ದದ್ದೆಲ್ಲ. ದೂರದಿಂದ ಬಂದವರು ಕಾಲು ತೊಳೆದುಕೊಂಡು ಒಳಗೆ ಬರಲಿ ಎಂದು ಹೊಸ್ತಿಲ ಬಳಿ ಒಂದು ಚೊಂಬು ನೀರು. ಆಮೇಲೆ ಬಾಗಿಲು ಎಳೆದುಕೊಂಡು ನಾವೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ, ಹಿರಿಯರು ಸಂಕೋಚವಿಲ್ಲದೆ ಉಣ್ಣಲಿ ಎಂದು. ನಮ್ಮ ಮಾವನವರ ಎಲೆಗೆ ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ. ನಂಜಜ್ಜಿಯ ಎಲೆಗೆ ಕಡುಬು, ಎಲೆ ಅಡಿಕೆ, ಚೂರು ಹೊಗೆಸೊಪ್ಪು. ಈ ನಂಜಜ್ಜಿಯೇ ಡಾಕ್ಟರ್ ತಾತ ಬಿಟ್ಟುಹೋದ ಹೆಂಡತಿ. ನಮ್ಮತ್ತೆ ಮದುವೆಯಾಗಿ ಆ ಮನೆಗೆ ಬಂದಾಗ ನಂಜಜ್ಜಿಗೆ ಆಗಲೇ ವಯಸ್ಸಾಗಿತ್ತು. ಕೊನೆಗಾಲದಲ್ಲಿ ಅವರ ತಲೆ ಬಾಚಿ, ಹೂ ಮುಡಿಸಿ, ಹಣೆಗೆ ಕುಂಕುಮ ಇಟ್ಟವರು ನಮ್ಮತ್ತೆಯೇ. ಗಂಡನಿಗೆ ಎಡೆ ಇಡುವ ಮಾತೆತ್ತಿದರೆ ನಂಜಜ್ಜಿ ‘ಬದುಕಿರೋನಿಗೆ ಎಡೆ ಇಡ್ತೀರಾ?’ ಎಂದು ರೇಗುತ್ತಿದ್ದರಂತೆ. ಕುಂಕುಮ ಇಟ್ಟುಕೊಂಡೇ ಹೋದರು. ಅವರೇ ಹೋದ ಮೇಲೆ ಇನ್ನು ಅವನೂ ಇರಲಾರ ಎಂದು ನಮ್ಮತ್ತೆ ಇಬ್ಬರ ಎಲೆಗಳನ್ನೂ ಜೋಡಿಯಾಗಿ ಇಡಲು ಶುರುಮಾಡಿದರು. ತಾತನಿಗೆ ಏನಿಷ್ಟವೋ ಯಾರಿಗೂ ಗೊತ್ತಿಲ್ಲ. ಪರದೇಶದಲ್ಲಿದ್ದವರು ಎಂದು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಒಂದು ಕ್ವಾರ್ಟರ್ ಬ್ರಾಂದಿ. ಬ್ರಾಂದಿಯನ್ನು ಆಮೇಲೆ ನಮ್ಮ ಯಜಮಾನರು ಬಹಳ ಭಕ್ತಿಯಿಂದ ಪ್ರಸಾದವೆಂದು ಸ್ವೀಕರಿಸುತ್ತಾರೆ.

ಎಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತು. ಹೋದ ವರ್ಷ ಗುಬ್ಬಿಯಲ್ಲಿ ಒಂದು ಮದುವೆ. ಅಲ್ಲಿ ಊಟಕ್ಕೆ ಕೂತಾಗ ಇವರ ಗುಬ್ಬಿ ಚಿಕ್ಕಪ್ಪ, ಮೊಸರನ್ನ ಕಲಸುತ್ತಾ, ಹೇಳಬಾರದ ಮಾತು ಹೇಳಿಬಿಟ್ಟರು. ‘ಡಾಕ್ಟರ್ ತಾತ ಅಲ್ಲಿ ಇನ್ನೊಬ್ಬಳನ್ನ ಕಟ್ಕೊಂಡು ರಾಜನ ಹಂಗಿದ್ನಂತೆ. ಇಲ್ಲಿ ಈ ಅಜ್ಜಿ ಕುಂಕುಮ ಇಟ್ಕೊಂಡು ದಾರಿ ನೋಡಿದ್ದೇ ಬಂತು.’ ನಮ್ಮತ್ತೆ ಎಲೆಯ ಮೇಲಿದ್ದ ಒಬ್ಬಟ್ಟನ್ನು ಮುಟ್ಟಲಿಲ್ಲ. ಮನೆಗೆ ಬಂದವರೇ ನನ್ನನ್ನು ಅಡುಗೆಮನೆಗೆ ಕರೆದರು.

‘ಆ ಮಾತು ನಿಜ ಆದ್ರೆ ನಾನು ಮಾಡಿರೋದೇನೇ? ಅವಳನ್ನ ಬಿಟ್ಟು ಇನ್ನೊಬ್ಬಳ ಜೊತೆ ಉಂಡೋನ್ನ ವರ್ಷಾ ವರ್ಷಾ ತಂದು ಅವಳ ಪಕ್ಕದಲ್ಲೇ ಕೂರಿಸಿದೀನಿ. ಅವಳ ತಲೆ ಬಾಚಿದ ಕೈ ಕಣೇ ಇದು. ನಾಳೆ ಮೇಲೆ ಹೋದಾಗ ಯಾವ ಮುಖ ಇಟ್ಕೊಂಡು ಅವಳ ಮುಂದೆ ನಿಂತ್ಕೊಳ್ಳಲಿ?’

‘ಹೋಗ್ಲಿ ಬಿಡಿ ಅತ್ತೆ, ಯಾವ ಕಾಲದ್ದೋ’ ಎಂದೆ.

‘ಬಿಡೋದೇನು ಬಿಡೋದು. ಈ ಅಮಾಸೆ ಒಳಗೆ ಹುಡುಕು. ಅವನು ಬರೋಕಾಗದೆ ಸತ್ನೋ, ಬರಬಾರದು ಅಂತಲೇ ಉಳ್ಕೊಂಡ್ನೋ. ಅಷ್ಟು ಗೊತ್ತಾದ್ರೆ ಎಲೆ ಎಲ್ಲಿಡಬೇಕು ಅಂತ ನಾನು ನೋಡ್ಕೋತೀನಿ. ನೀನು ಇಸ್ಕೂಲಲ್ಲಿ ಅದನ್ನೇ ತಾನೇ ಹೇಳ್ಕೊಡೋದು?’

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ, ನಿಜ. ಹೊಯ್ಸಳರು ಎಲ್ಲಿಂದ ಬಂದರು ಎಂದು ಹೇಳಬಲ್ಲೆ. ನಮ್ಮ ಮುತ್ತಾತ ಎಲ್ಲಿಗೆ ಹೋದರು ಎಂಬುದು ಪಠ್ಯದಲ್ಲಿ ಇಲ್ಲ. ಇದನ್ನು ಅತ್ತೆಗೆ ತಿಳಿಸಿ ಹೇಳುವುದಕ್ಕಿಂತ ತಾತನನ್ನು ಹುಡುಕುವುದೇ ಸುಲಭ ಎನಿಸಿತು. ಅಲ್ಲಿಗೆ ಶುರುವಾಯಿತು ನನ್ನ ಗ್ರಹಚಾರ.

ಮೊದಲು ಗುಬ್ಬಿ ಚಿಕ್ಕಪ್ಪನ ಮನೆ. ‘ಆಫ್ರಿಕಾ ಕಣಮ್ಮ, ಅದ್ರಲ್ಲಿ ಎರಡು ಮಾತಿಲ್ಲ’ ಎಂದರು. ಯಾರು ಹೇಳಿದ್ದು ಎಂದು ಕೇಳಿದೆ. ‘ಇನ್ನೆಲ್ಲಿಗೆ ಹೋಗ್ತಾರೆ ಹೇಳು?’ ಎಂದು ನನ್ನನ್ನೇ ಕೇಳಿದರು. ಇನ್ನೊಬ್ಬ ಹೆಂಡತಿಯ ವಿಷಯವನ್ನು ಯಾರು ಹೇಳಿದರೋ ಅದೂ ಅವರಿಗೆ ನೆನಪಿರಲಿಲ್ಲ. ಆದರೆ ಅವಳು ಬೆಳ್ಳಗಿದ್ದಳೆಂಬುದು ಮಾತ್ರ ಖಚಿತವಾಗಿ ಗೊತ್ತಿತ್ತು. ಸಿ.ಎಸ್. ಪುರದ ನೆಂಟರಿಗೆ ಫೋನ್ ಮಾಡಿದರೆ, ‘ಯಾರು ಆಫ್ರಿಕಾ ಅಂದೋರು? ಬರ್ಮಾ. ಬರ್ಮಾದಿಂದ ಕಾಡಲ್ಲಿ ನಡ್ಕೊಂಡು ಬರೋವಾಗ ಹುಲಿ ಹಿಡೀತು’ ಎಂದರು. ಒಂದು ಭಾನುವಾರದಲ್ಲಿ ತಾತ ಎರಡು ದೇಶದಲ್ಲಿ ಎರಡು ರೀತಿ ಬಾಳಿದರು. ಮೊಬೈಲಿನಲ್ಲಿ ‘ಕುಣಿಗಲ್, ಹಳೆಯ ಡಾಕ್ಟರ್’ ಎಂದು ಬರೆದು ಹುಡುಕಿದೆ. ಅಂದಿನಿಂದ ನನ್ನ ಫೋನಿಗೆ ಮಂಡಿ ಚಿಪ್ಪಿನ ಆಪರೇಷನ್ನಿನ ಜಾಹೀರಾತು ಬರುತ್ತಿದೆ. ನಾನು ಕಂಡ ವೈದ್ಯರೆಂದರೆ ಆ ಜಾಹೀರಾತಿನವರಷ್ಟೇ.

ಕೊನೆಗೆ ಹುತ್ರಿದುರ್ಗದ ಹತ್ತಿರ ಆ ಹಳೆಯ ಊರಿಗೇ ಹೋಗಿ ಬರೋಣವೆಂದು ನಾನೂ ಇವರೂ ಹೊರಟೆವು. ಕಾರಿನ ಕೀ ಕಳೆದಿತ್ತು, ಹುಡುಕಿಕೊಟ್ಟೆ. ಅಲ್ಲಿ ನಮ್ಮವರ ಮನೆ ಈಗ ಇಲ್ಲ, ಆ ಜಾಗದಲ್ಲಿ ಯಾರದೋ ತಾರಸಿ ಮನೆ ಎದ್ದಿದೆ. ಪಕ್ಕದ ಮನೆಯ ಜಗಲಿಯ ಮೇಲೆ ಪುಟ್ಟಗೌರಮ್ಮ ಎಂಬ ಮುದುಕಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ಆ ಮನೆಗೆ ಸೊಸೆಯಾಗಿ ಬಂದವರು. ನಮ್ಮ ಯಜಮಾನರು ಕೈಕಟ್ಟಿ ನಿಂತು, ‘ನಾವು ಡಾಕ್ಟರ್ ತಾತನ ಕಡೆಯೋರು’ ಎಂದು ಬಹಳ ಗತ್ತಿನಿಂದ ಪರಿಚಯ ಮಾಡಿಕೊಂಡರು.

‘ಡಾಕ್ಟ್ರಾ? ನಮ್ಮೂರಾಗೆ ಯಾವ ಡಾಕ್ಟ್ರು?’ ಎಂದರು ಮುದುಕಿ.

‘ಪರದೇಶಕ್ಕೆ ಹೋದ್ರಲ್ಲ ಅಜ್ಜಿ. ನಂಜಮ್ಮನವರ ಯಜಮಾನ್ರು.’

‘ಓ, ಕುದ್ರೆ ಕೆಂಪಣ್ಣನಾ? ಅವ್ನೆಲ್ಲಿ ಡಾಕ್ಟ್ರು ಬುಡಪ್ಪ. ಕುಣಿಗಲ್ ಕುದ್ರೆ ಫಾರಂನಾಗೆ ಕುದ್ರೆಗೆ ಔಸ್ದಿ ಕುಡುಸ್ತಿದ್ದ. ಕುದ್ರೆಗಳ್ನ ಹಡಗಿಗೆ ಹತ್ತುಸ್ದಾಗ ಅವ್ನೂ ಜೊತೇಲಿ ಹೋದ.’

ನಮ್ಮ ಯಜಮಾನರು ಜಗಲಿಯ ಅಂಚಿಗೆ ಮೆಲ್ಲಗೆ ಕೂತರು. ಬೀದಿಯವರಿಗೆಲ್ಲ ಕೊಟ್ಟ ಸಲಹೆಗಳು ಅವರ ಕಣ್ಣ ಮುಂದೆ ಹಾದುಹೋಗುತ್ತಿದ್ದವು ಎಂದು ಕಾಣುತ್ತದೆ. ಸ್ವಲ್ಪ ಹೊತ್ತಾದ ಮೇಲೆ, ‘ಕುದುರೆಗೂ ಕೆಮ್ಮು ಬರುತ್ತಲ್ವಾ’ ಎಂದರು. ನನಗೆ ಬೇಕಾದದ್ದು ಬೇರೆ.

‘ಅವರು ಯಾಕೆ ವಾಪಸ್ ಬರಲಿಲ್ಲ ಅಜ್ಜಿ?’ ಎಂದು ಕೇಳಿದೆ.

‘ಬರ್ದೇ ಏನವ್ವಾ? ಬಂದಿದ್ದ.’

ಪುಟ್ಟಗೌರಮ್ಮನ ಅತ್ತೆ ಇದೇ ಜಗಲಿಯಿಂದ ಕಣ್ಣಾರೆ ಕಂಡದ್ದಂತೆ. ಕೈಗೂಸಾಗಿದ್ದ ಮಗ ಹೊಲದ ಕೆಲಸಕ್ಕೆ ಹೋಗುವಷ್ಟು ದೊಡ್ಡವನಾಗಿದ್ದ ಕಾಲ. ಗಂಡಸರೆಲ್ಲ ಹೊಲದಲ್ಲಿದ್ದ ಮಧ್ಯಾಹ್ನ ಒಬ್ಬ ಮನುಷ್ಯ ಟೋಪಿ, ಬೂಟು, ಒಂದು ಟ್ರಂಕಿನ ಸಮೇತ ಬಂದು ಮನೆ ಮುಂದೆ ನಿಂತ. ‘ನಂಜಿ, ಕಾಲಿಗೆ ನೀರು ತತ್ತಾ’ ಎಂದ. ನಂಜಜ್ಜಿ ಹೊರಗೆ ಬಂದು ನೋಡಿದರು. ಒಳಗೆ ಹೋದರು. ಕಾಲಿಗೆ ಕೊಡುವ ದೊಡ್ಡ ಚೊಂಬು ಬಾಗಿಲ ಪಕ್ಕದಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಒಂದು ಲೋಟ ನೀರು ತಂದು ಕೊಟ್ಟರು.

‘“ಕುಡ್ದು ಹೋಗಿ. ನಮ್ಮನೇರು ಊರಲ್ಲಿಲ್ಲ” ಅಂದ್ಲಂತೆ. ಅಂದು ಬಾಗ್ಲು ಹಾಕಂಡ್ಲು. ಅವ್ನು ನೀರು ಕುಡ್ದ, ವಸಿ ಹೊತ್ತು ನಿಂತ್ಕಂಡಿದ್ದ, ಲೋಟ ಜಗಲಿ ಮ್ಯಾಲೆ ಮಡಗ್ಬುಟ್ಟು ಹೊಂಟೋದ. ಅಷ್ಟೇ ಕಣವ್ವ.’

ಕಾಲಿಗೆ ನೀರು ಕೊಡುವುದು ಒಳಗೆ ಬರುವವರಿಗೆ. ಕುಡಿಯಲು ನೀರನ್ನು ದಾರಿಹೋಕರಿಗೂ ಕೊಡುತ್ತಾರೆ. ಮತ್ತೆ ನಾನೇ ಕೇಳಿದೆ.

‘ಅಲ್ಲಿ ಇನ್ನೊಬ್ಬ ಹೆಂಡತಿ ಇದ್ದಳಂತಲ್ಲ, ಅದಕ್ಕಾ?’

‘ಇದ್ಲೋ ಇಲ್ವೋ, ಇವ್ಳೇನು ಕೇಳೋಕೆ ಹೋದ್ಲಾ? ಅಷ್ಟು ವರ್ಸ ಒಂದು ಸುದ್ದಿ ಇಲ್ಲ. ಬಂದೋನು ಹೋದ ವಾರ ಸಂತೆಗೆ ಹೋಗಿ ಬಂದೋನಂಗೆ ಕಾಲಿಗೆ ನೀರು ಕೇಳ್ದ. ಅದು ಅವ್ಳಿಗೆ ಆಗ್ಲಿಲ್ಲ.’

‘ಮನೇಲಿ ಗಂಡಸರಿಗೆ ಇದು ಗೊತ್ತಾಗಲೇ ಇಲ್ವಾ?’

‘ಕೇರಿ ಹೆಂಗಸ್ರು ಯಾರೂ ಬಾಯಿ ಬುಡ್ಲಿಲ್ಲ. ಗಂಡಸ್ರು ಡಾಕ್ಟ್ರು ಗೀಕ್ಟ್ರು ಅಂತ ಏನೇನೋ ಹೇಳ್ಕಂಡು ಓಡಾಡ್ತಿದ್ರು, ಓಡಾಡ್ಲಿ ಅಂತ ಸುಮ್ಕಾದ್ರು.’ ಯಾವ ದೇಶಕ್ಕೆ ಹೋಗಿದ್ದರು ಎಂದು ಕೊನೆಗೆ ಇವರು ಕೇಳಿದರು. ‘ಯಾವ್ದಾದ್ರೇನಪ್ಪ, ಎಲ್ಲಾ ದೂರನೇ’ ಎಂದು ಮುದುಕಿ ಒಂದು ಹಿಡಿ ಕಡಲೆಕಾಯಿ ಕೈಗೆ ಹಾಕಿದರು.

ಕುಣಿಗಲ್ ಕೆರೆ ಏರಿಯ ಮೇಲೆ ಇವರು ಕಾರು ನಿಧಾನ ಮಾಡಿದರು. ಆಮೇಲೆ, ‘ಅಮ್ಮನಿಗೆ ಇದೆಲ್ಲ ಬೇಡ ಕಣೇ. ಹಡಗಲ್ಲೇ ತೀರ್ಕೊಂಡ್ರು ಅಂದುಬಿಡು. ಎಲೆ ಇದ್ದ ಜಾಗದಲ್ಲೇ ಇರುತ್ತೆ, ಅಮ್ಮನಿಗೂ ನೆಮ್ಮದಿ’ ಎಂದರು. ನನಗೂ ಆಸೆಯಾಯಿತು, ಸುಳ್ಳೇನು ಹೇಳಲಿ. ಹಡಗಿನಲ್ಲಿ ಸಾಯಿಸಿಬಿಟ್ಟರೆ ಇಲ್ಲಿಗೆ ಎಲ್ಲ ಮುಗಿಯುತ್ತಿತ್ತು, ಉತ್ತರ ಪತ್ರಿಕೆ ತಿದ್ದುವುದು ಬೇರೆ ಬಾಕಿ ಇತ್ತು. ಆದರೆ ಹೊಸ್ತಿಲಿನಿಂದಲೇ ಕಳಿಸಿದವನನ್ನು ಮತ್ತೆ ಆಕೆಯ ಪಕ್ಕ ಕೂರಿಸಲು ನನಗೆ ಮನಸ್ಸು ಬರಲಿಲ್ಲ. ಮನೆಗೆ ಬಂದು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅತ್ತೆ ಅಳುತ್ತಾರೆಂದು ನೀರಿನ ಲೋಟ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಅತ್ತೆ ಆ ಲೋಟವನ್ನು ಒಮ್ಮೆ ನೋಡಿದರು. ಆಮೇಲೆ ಹಲ್ಲಿನ ಸೆಟ್ಟು ಇಲ್ಲದ ಬಾಯಿಯಲ್ಲಿ ನಗತೊಡಗಿದರು. ‘ದಿನಾ ಸಾಯಂಕಾಲ ಬಾಗಿಲಿಗೆ ಎದುರಾಗಿ ಕೂತಿರ್ತಿದ್ಲು ಕಣೇ. ಪಾಪ, ಗಂಡನ ದಾರಿ ನೋಡ್ತಾವ್ಳೆ ಅಂತ ನಾನು ಅಡುಗೆಮನೇಲಿ ಎಷ್ಟು ಕಣ್ಣೀರು ಹಾಕಿದೀನಿ. ಈ ಮುದುಕಿ ಬಾಗಿಲ ಕಾವಲಿಗೆ ಕೂತಿದ್ದಾಳೆ ನೋಡು.’ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ‘ನನಗಾದ್ರೂ ಹೇಳಬಾರದಿತ್ತಾ. ನಾನೇನು ಹೊರಗಿನೋಳಾ?’ ಎಂದರು.

ಅಮಾವಾಸ್ಯೆ ಬಂತು. ಅತ್ತೆ ಒಳಗೆ ಎಲ್ಲರ ಎಲೆಗಳನ್ನೂ ತಾವೇ ಬಡಿಸಿದರು. ನಂಜಜ್ಜಿಯ ಎಲೆಯ ಎರಡೂ ಪಕ್ಕ ಜಾಗ ಬಿಟ್ಟು, ಕೈಕಾಲು ಚಾಚಿಕೊಂಡು ಕೂರಲಿ ಎಂದರು. ಡಾಕ್ಟರ್ ತಾತನ ಎಲೆಯನ್ನು ತಂದು ಹೊಸ್ತಿಲ ಹೊರಗೆ, ವರಾಂಡದಲ್ಲಿ ಚಪ್ಪಲಿ ಸ್ಟ್ಯಾಂಡ್ ಪಕ್ಕ ಹಾಸಿದರು. ಬ್ರೆಡ್ಡಿಲ್ಲ, ಬ್ರಾಂದಿಯಿಲ್ಲ. ಅನ್ನ, ಹುರುಳಿಕಾಳಿನ ಸಾರು. ‘ಕುದುರೆ ಜೊತೆ ಇದ್ದೋನು, ಹುರುಳಿ ಒಗ್ಗಿರುತ್ತೆ’ ಎಂದರು. ನಾನು ಕಾಲಿಗೆ ನೀರಿನ ಚೊಂಬನ್ನು ಆ ಎಲೆಯ ಹತ್ತಿರ ಇಡಹೋದೆ. ಅತ್ತೆ ತಡೆದು ಅದನ್ನು ಹೊಸ್ತಿಲ ಒಳಗೆ ಸರಿಸಿ, ಆ ಎಲೆಯ ಪಕ್ಕ ಒಂದು ಲೋಟ ಕುಡಿಯುವ ನೀರಿಟ್ಟರು.

ಬಾಗಿಲು ಎಳೆದುಕೊಂಡು ನಾವು ಹೊರಗೆ ನಿಂತೆವು. ಹಾಗೆ ನಿಂತ ಮೇಲೆ ಗೊತ್ತಾಯಿತು, ತಾತನೂ ನಮ್ಮ ಜೊತೆಗೇ ಹೊರಗಿದ್ದಾರೆ. ‘ಅಮ್ಮಾ, ನಾವು ಹಿಂಗೆ ನೋಡ್ತಾ ನಿಂತಿದ್ರೆ ತಾತ ಹೆಂಗೆ ಊಟ ಮಾಡ್ತಾರೆ?’ ಎಂದು ಇವರು ಪಿಸುಗುಟ್ಟಿದರು. ಬ್ರಾಂದಿ ಹೋದ ದುಃಖವೂ ಆ ದನಿಯಲ್ಲಿತ್ತು. ‘ಕಣ್ಣು ಮುಚ್ಕೊಂಡು ನಿಂತ್ಕೊಳ್ಳೋ’ ಎಂದರು ಅತ್ತೆ. ಮೂವರೂ ಚಪ್ಪಲಿಗಳ ನಡುವೆ ಕಣ್ಣು ಮುಚ್ಚಿ ನಿಂತೆವು. ಯಾರೂ ಬರಬಾರದ ಹೊತ್ತಿಗೆ ಎದುರು ಮನೆಯವರು ಕೆಮ್ಮುತ್ತಾ ಗೇಟಿನ ಹತ್ತಿರ ಬಂದರು. ನಮ್ಮ ಯಜಮಾನರು ಏನೂ ವಿಚಾರಿಸಲಿಲ್ಲ.

ಆ ರಾತ್ರಿ ಮಲಗುವಾಗ ನಾನೊಂದು ನಿರ್ಧಾರ ಮಾಡಿದೆ. ನಂಜಜ್ಜಿ ಗಂಡನನ್ನೇ ಕಳೆದುಕೊಂಡು ಹುಡುಕಲು ಹೋಗಲಿಲ್ಲ, ತಾನಾಗಿ ಬಂದರೂ ಬೇಡವೆಂದರು. ನಾನೋ ಕನ್ನಡಕಕ್ಕೂ ಕೀಗೂ ಮಂಡಿ ಸವೆಸಿಕೊಂಡಿದ್ದೇನೆ. ಇನ್ನು ಸಾಕು. ಮಾರನೆಯ ಬೆಳಿಗ್ಗೆ ಎಂದಿನಂತೆ ‘ಶಾರದಾ, ಸ್ಕೂಟರ್ ಕೀ ಎಲ್ಲೇ?’ ಎಂದು ಕೂಗು ಬಂತು. ಕೀ ನನ್ನ ಕಣ್ಣೆದುರೇ, ಅಕ್ಕಿ ಡಬ್ಬದ ಮೇಲಿತ್ತು. ನಂಜಜ್ಜಿಯನ್ನು ನೆನೆದುಕೊಂಡು, ‘ಗೊತ್ತಿಲ್ಲ’ ಎಂದೆ. ಇವರು ಸೋಫಾ ಎತ್ತಿದರು, ಫ್ರಿಜ್ ತೆರೆದರು, ನಿನ್ನೆಯ ಪ್ಯಾಂಟಿನ ಜೇಬು ತಿರುವಿದರು, ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ಸುಮ್ಮನೆ ನಿಂತರು. ಬಾಗಿಲು ಹಾಕಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು. ಕೀ ತೆಗೆದು ಕೈಗಿಟ್ಟೆ. ಜೊತೆಗೆ ಕನ್ನಡಕವನ್ನೂ ಕೊಟ್ಟೆ, ಅದನ್ನು ಅವರು ಇನ್ನೂ ಕೇಳಿರಲಿಲ್ಲ.